ನಮ್ಮ ಪಾಲಿನ ವಚನ

ಸಂಘದ ಗೆಳೆಯರು ನಮ್ಮನ್ನ ಕೇಳುವ ಪ್ರಶ್ನೆ ಒಂದೇ. ಮೆರವಣಿಗೆಯಲ್ಲಿ ನಮ್ಮ ಜೊತೆ ಘೋಷಣೆ ಕೂಗ್ತೀರಿ, ಏಪ್ರಿಲ್ 14ಕ್ಕೆ ಬ್ಯಾನರ್ ಕಟ್ತೀರಿ, ಶನಿವಾರ ಸಂಜೆಯಾದ್ರೆ ಸತ್ಯವೇದ ಹಿಡ್ಕೊಂಡು ಕೂರ್ತೀರಿ, ಇದೇನು ಮಾರಾಯ್ರೆ? ಒಂದು ದೇವರಿಂದ ಬಿಡಿಸ್ಕೊಂಡು ಇನ್ನೊಂದು ದೇವರ ಕಾಲಿಗೆ ಬೀಳೋದಾ? ಕೇಳುವುದರಲ್ಲಿ ತಪ್ಪಿಲ್ಲ. ಧರ್ಮದ ಹೆಸರಲ್ಲಿ ನಮ್ಮ ಜನರ ಬೆನ್ನ ಮೇಲೆ ಎದ್ದಿರುವ ಬಾಸುಂಡೆಗಳನ್ನು ಕಂಡವರು ಇದನ್ನು ಕೇಳಲೇಬೇಕು. ನಾವೂ ಹೇಳಲೇಬೇಕು.

ನಾವು ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆ ಕಡೆಯವರು. ವಿದ್ಯೆಯ ದೇವತೆ ಶಾರದೆಯ ಊರು ಪಕ್ಕದಲ್ಲೇ ಇದ್ದರೂ ನಮ್ಮ ಕೇರಿಗೆ ಅಕ್ಷರ ಬಹಳ ತಡವಾಗಿ ಬಂತು. ಹೆತ್ತವರ ಆಯಸ್ಸೆಲ್ಲ ಅಡಿಕೆ ತೋಟದಲ್ಲಿ, ಗದ್ದೆ ಕೆಸರಲ್ಲಿ, ಗೊರಬಿನ ಅಡಿಯಲ್ಲಿ ಕಳೆದುಹೋಯಿತು. ದೇವಸ್ಥಾನದ ಗಂಟೆ ನಮ್ಮ ಸೋಗೆ ಮನೆಗಳಿಗೂ ಕೇಳಿಸ್ತಿತ್ತು. ಆದರೆ ದೇವರ ಹತ್ತಿರ ಮಾತಾಡುವವರು ಬೇರೆ ಇದ್ದರು. ಕಾಣಿಕೆ ನಮ್ಮದು, ಮಂತ್ರ ಅವರದು. ಕೇರಿಯ ಚೌಡಿ, ಭೂತಗಳು ನಮ್ಮವೇ, ನಮ್ಮ ಕೈಯ ಕೋಳಿಯನ್ನೇ ತಿನ್ನುವವು. ಅವುಗಳ ಮೇಲೆ ನಮಗೇನೂ ಸಿಟ್ಟಿಲ್ಲ. ಆದರೆ ಅವುಗಳ ಜೊತೆ ನಮಗಿದ್ದದ್ದು ಭಯದ ನಂಟು.

ಸತ್ಯವೇದ ನಮ್ಮ ಕೇರಿಗೆ ಬಂದದ್ದು ದೊಡ್ಡಪ್ಪನ ಟ್ರಂಕಿನಲ್ಲಿ. ಒಡೇರ ಸಾಲಕ್ಕೆ ಹೆದರಿ ಘಟ್ಟ ಇಳಿದು ಹೋದವರು ಮಂಗಳೂರಿನ ಕಡೆ ಒಂದು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದರು. ಅಲ್ಲೇ ಸಭೆ ಸೇರಿದರು, ಅಲ್ಲೇ ಓದು ಕಲಿತರು, ಅಲ್ಲೇ ದೀಕ್ಷಾಸ್ನಾನ ತಗೊಂಡರು. ತಿರುಗಿ ಬಂದಾಗ ಒಂದು ಸತ್ಯವೇದ, ಒಂದು ಸಂಗೀತದ ಪುಸ್ತಕ, ಲೂಥರನ ಸಣ್ಣ ಪ್ರಶ್ನೋತ್ತರ ಇಷ್ಟೇ ಆಸ್ತಿ.

ಆ ಸಭೆಗಳ ಕತೆಯನ್ನ ಎರಡು ಮಾತಲ್ಲಿ ಹೇಳ್ತೀವಿ. 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತು. ಅದು ಪಕ್ಕಾ ಲೂಥರನ್ ಮಿಶನ್ ಅಲ್ಲ, ಲೂಥರನ್ನರೂ ರಿಫಾರ್ಮ್ಡ್ ಪಂಥದವರೂ ಕೂಡಿ ನಡೆಸಿದ್ದು. ಆದರೆ ಬಂದ ಪಾದ್ರಿಗಳಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗಿನ ಲೂಥರನ್ ಸಭೆಗಳಲ್ಲಿ ಬೆಳೆದವರು. ಪಕ್ಕಾ ಲೂಥರನ್ ಸಭೆ ಬೇಕಾದವರು ಕೋಲಾರದ ಚಿನ್ನದ ಗಣಿಗೆ ಹೋಗಬೇಕು, ಅಲ್ಲಿ ಗಣಿ ಕೂಲಿಗಳ ನಡುವೆ ಅದು ಬೆಳೆಯಿತು. ಗಣಿ 2001ರಲ್ಲಿ ಮುಚ್ಚಿತು. ಬಾಸೆಲ್ ಮಿಶನ್ ಕಟ್ಟಿದ ಕನ್ನಡ ಸಭೆಗಳು ಈಗ ದಕ್ಷಿಣ ಭಾರತ ಸಭೆಯೊಳಗೆ ಸೇರಿವೆ. ಮೇಷ್ಟ್ರುಗಳಿಗೆ ಮೋಗ್ಲಿಂಗ್ ಅಂದ್ರೆ 1843ರ 'ಮಂಗಳೂರ ಸಮಾಚಾರ', ಕಿಟೆಲ್ ಅಂದ್ರೆ 1894ರ ನಿಘಂಟು. ನಮಗೆ ನೆನಪಾಗೋದು ಬೇರೆ. 1850ರ ದಶಕದಲ್ಲಿ ಕೊಡಗಿನಲ್ಲಿ ದೀಕ್ಷೆ ಪಡೆದ ಸೋಮಯ್ಯ ಎಂಬ ಕೊಡವನ ಹೊಲದಲ್ಲಿ ದುಡಿಯುತ್ತಿದ್ದ ಹೊಲೆಯರು ಸಭೆಗೆ ಬಂದಾಗ ಇದೇ ಮೋಗ್ಲಿಂಗ್ ಅವರಿಗೊಂದು ನೆಲೆ ಮಾಡಿಕೊಟ್ಟ. ಅದಕ್ಕೆ ಆನಂದಪುರ ಅಂತ ಹೆಸರಾಯಿತು, ಸಾರಸ್ವತ ಬ್ರಾಹ್ಮಣರಿಂದ ಬಂದು ಪಾದ್ರಿಯಾದ ಆನಂದರಾವ್ ಕೌಂಡಿನ್ಯರ ಹೆಸರು. ಹಂಚಿನ ಮಾತೂ ಅಷ್ಟೇ. ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಆ ಹಂಚು ಮಲೆನಾಡಿನ ದೊಡ್ಡ ಮನೆಗಳನ್ನೆಲ್ಲ ಹತ್ತಿ ಕೂತಿತು. ನಮ್ಮ ದೊಡ್ಡಪ್ಪ ತುಳಿದ ಮಣ್ಣಿಗೆ ಒಡೇರ ಮಾಡಿನ ಮೇಲೆ ಜಾಗ ಇತ್ತು, ದೊಡ್ಡಪ್ಪನಿಗೆ ಜಗಲಿ ಹತ್ತಲು ಜಾಗ ಇರಲಿಲ್ಲ.

ಶನಿವಾರ ರಾತ್ರಿ ಕೂರುತ್ತಿದ್ದ ಆ ವೇದಪಾಠದ ಕ್ರಮ ಬಹಳ ಸರಳ. ಚಿಮಣಿ ಬುಡ್ಡಿ ನಡುವೆ, ಸುತ್ತ ಚಾಪೆ. ಒಬ್ಬೊಬ್ಬರ ಪಾಲಿಗೆ ಒಂದೊಂದು ವಚನ. ಓದು ಬಾರದವರಿಗೆ ಪಕ್ಕದವರು ಓದಿ ಹೇಳಬೇಕು, ಅವರು ಅದನ್ನೇ ತಿರುಗಿ ತಮ್ಮ ಬಾಯಲ್ಲಿ ಹೇಳಬೇಕು. ದೊಡ್ಡಪ್ಪ ಯಾರನ್ನೂ ಬಿಡ್ತಿರಲಿಲ್ಲ. "ನಿನ್ನ ಪಾಲಿನ ವಚನ ನೀನೇ ಹೇಳ್ಬೇಕು ಕಣೆ, ನಿನ್ನ ಪರವಾಗಿ ಉಣ್ಣೋಕಾಗ್ತದಾ?" ಅಂತಿದ್ರು. ಅಡಿಕೆ ಸುಲಿಯುವ ಕಾಲದಲ್ಲಿ ಮಾತ್ರ ಪಾಠ ಇರ್ತಿರಲಿಲ್ಲ, ಆಗ ರಾತ್ರಿಯೆಲ್ಲ ಒಡೇರ ಅಂಗಳದಲ್ಲೇ.

ಒಂದು ಮಳೆಗಾಲ ವಿಮೋಚನಕಾಂಡ ಓದಿದ್ವಿ. ಐಗುಪ್ತದ ರಾಜ ಇಬ್ಬರು ಸೂಲಗಿತ್ತಿಯರನ್ನು ಕರೆಸಿ, ಜೀತದ ಜನಕ್ಕೆ ಗಂಡು ಹುಟ್ಟಿದರೆ ಕೊಂದುಬಿಡಿ ಅಂತಾನೆ. ಅವರು ಕೊಲ್ಲೋದಿಲ್ಲ. ಯಾಕೆ ಬಿಟ್ಟಿರಿ ಅಂತ ಕೇಳಿದರೆ, ಆ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗೋದರೊಳಗೆ ಹೆತ್ತುಬಿಟ್ಟಿರ್ತಾರೆ ಅಂತ ರಾಜನ ಮುಖಕ್ಕೇ ಸುಳ್ಳು ಹೇಳ್ತಾರೆ. ನಮ್ಮ ಅವ್ವ ಸೂಲಗಿತ್ತಿ. ಕೇರಿಯ ಮಕ್ಕಳೆಲ್ಲ ಅವಳ ಕೈಗೆ ಬಿದ್ದವರು. ಕಷ್ಟದ ಹೆರಿಗೆಯಾದ್ರೆ ದೊಡ್ಡ ಮನೆಗಳಿಗೂ ರಾತ್ರೋರಾತ್ರಿ ಕರೆಸ್ತಿದ್ರು, ಹಿತ್ತಿಲ ಬಾಗಿಲಿಂದ. ಮಗು ಹೊರಗೆ ಬಂದ ಮೇಲೆ ಅವಳೂ ಹೊರಗೆ, ಅವಳು ಕೂತ ಜಾಗಕ್ಕೆ ಸಗಣಿ ನೀರು. ಅವತ್ತು ಅವ್ವ ಸುಮ್ಮನೆ ಕೂತು ಕೇಳಿದಳು. ಆಮೇಲೆ, "ಆ ಸೂಲಗಿತ್ತಿಯರ ಹೆಸರು ಬರ್ದಿದ್ಯಾ?" ಅಂದಳು. ಬರೆದಿದೆ, ಇಬ್ಬರದ್ದೂ ಇದೆ ಅಂದರು ದೊಡ್ಡಪ್ಪ. "ಆ ರಾಜಂದು?" ದೊಡ್ಡಪ್ಪ ಬುಡ್ಡಿ ಹತ್ತಿರಕ್ಕೆ ಎಳೆದು ಪುಟ ತಿರುವಿದರು, ಮತ್ತೆ ತಿರುವಿದರು. ಫರೋಹ ಅನ್ನೋದು ಪಟ್ಟದ ಹೆಸರು, ಅವನ ಸ್ವಂತ ಹೆಸರು ಎಲ್ಲೂ ಇಲ್ಲ. ಅವ್ವ ನಕ್ಕಳು. ದೇವರ ವಿಷಯದಲ್ಲಿ ಅವಳು ನಕ್ಕಿದ್ದು ನಾವು ಕಂಡದ್ದು ಅವತ್ತೇ ಮೊದಲು. "ಹಂಗಾದ್ರೆ ಈ ದೇವ್ರಿಗೆ ನಮ್ಮ ಕಡೇರ ಗುರ್ತು ಉಂಟು" ಅಂದಳು.

ಗೆಳೆಯರೆ, ನಾವು ದೇವರಿಗೆ ಹತ್ತಿರವಾದ್ವಿ ಅಂದ್ರೆ ಇದೇ. ಬೆಳಕು ಕಾಣಿಸಲಿಲ್ಲ, ಮೈಮೇಲೆ ಏನೂ ಬರಲಿಲ್ಲ. ಚಾಪೆಯ ಮೇಲೆ ಕೂತು ಪ್ರಶ್ನೆ ಕೇಳುವ ಧೈರ್ಯ ಬಂತು, ಕೇಳಿದ ಪ್ರಶ್ನೆಗೆ ಪುಸ್ತಕದೊಳಗೆ ಜಾಗ ಇತ್ತು. ಲೂಥರ್ ತನ್ನ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದದ್ದು 1522ರಲ್ಲಿ, ಇಡೀ ಬೈಬಲ್ಲನ್ನು 1534ರಲ್ಲಿ. ಆತ ಗಣಿ ಕೆಲಸದಿಂದ ಮೇಲೆ ಬಂದವನ ಮಗ. ಮನೆಯ ತಾಯಿ, ಬೀದಿಯ ಮಕ್ಕಳು, ಸಂತೆಯ ಮನುಷ್ಯ ಇವರ ಬಾಯಿ ನೋಡಿ ಅನುವಾದ ಮಾಡಬೇಕು ಅಂತ 1530ರ ಒಂದು ಪತ್ರದಲ್ಲಿ ವಾದಿಸಿದ. ಜನರ ಬಾಯಿಂದ ಹೋದದ್ದು ಜನರ ಬಾಯಿಗೇ ಬಂತು. ವಚನಕಾರರ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೃಪೆ ಅನ್ನೋ ಮಾತು ನಮಗೆ ಅರ್ಥವಾದದ್ದು ಒಡೇರ ಲೆಕ್ಕದ ಪುಸ್ತಕದಿಂದ. ಅಜ್ಜನ ಮದುವೆಗೆ ತಂದ ಸಾಲ ಅಪ್ಪನ ಹೆಗಲಿಗೆ, ಅಪ್ಪನದ್ದು ನಮ್ಮ ಹೆಗಲಿಗೆ. ದುಡಿದಷ್ಟೂ ಬೆಳೆಯುವ ಸಾಲ. ದೇವರ ಲೆಕ್ಕವೂ ಹಾಗೇ ಅಂತ ನಮಗೆ ಹೇಳಿಟ್ಟಿದ್ದರು: ಹಿಂದಿನ ಜನ್ಮದ ಪಾಪ, ಈ ಜನ್ಮದಲ್ಲಿ ಚಾಕರಿ ಮಾಡಿ ತೀರಿಸು. 1976ರಲ್ಲಿ ಜೀತ ನಿರ್ಮೂಲನೆಯ ಕಾನೂನು ಬಂದು ಆ ಸಾಲಗಳು ಇಲ್ಲ ಅಂತಾದಾಗ ಕೇರಿಯ ಹಿರಿಯರು ನಂಬಲಿಲ್ಲ. ತೀರಿಸದ ಸಾಲ ಇಲ್ಲವಾಗೋದು ಹೇಗೆ? ಆ ವಾರ ದೊಡ್ಡಪ್ಪ ಪ್ರಶ್ನೋತ್ತರದ ಪುಸ್ತಕ ಮುಚ್ಚಿಟ್ಟು ಹೇಳಿದ್ದು ಇಷ್ಟೇ. ಲೂಥರ್ ಹೇಳೋ ಕೃಪೆ ಇದೇ. ನೀನು ತೀರಿಸಿದ್ದಕ್ಕಲ್ಲ, ಆ ಲೆಕ್ಕವೇ ಹೊಡೆದುಹೋಗಿದೆ ಅನ್ನೋದಕ್ಕೆ ನೀನು ಬಿಡುಗಡೆ. ಈ ಒಂದು ಮಾತು ನಮ್ಮ ತಲೆಯಿಂದ ಇಳಿಸಿದ ಹೊರೆ ಎಷ್ಟು ಅಂತ ಹುಟ್ಟಿನ ಪಾಪ ಹೊತ್ತವರಿಗೇ ಗೊತ್ತು.

ತಿಂಗಳಿಗೊಂದು ಸಲ ಘಟ್ಟ ಇಳಿದು ಸಭೆಯ ಆರಾಧನೆಗೆ ಹೋಗ್ತಿದ್ವಿ. ಹಾಡುಗಳ ರಾಗ ಜರ್ಮನಿಯದ್ದು, ನಮ್ಮ ಹೆಂಗಸರ ಗಂಟಲಿಗೆ ಬಂದು ಅರ್ಧ ಸೋಬಾನೆಯಾಗ್ತಿತ್ತು. ಹಾರ್ಮೋನಿಯಂ ಮುಂದೆ, ನಾವು ಹಿಂದೆ. ಯಾರೂ ಬೈಲಿಲ್ಲ.

ಅವ್ವನ ಮೊದಲ ರಾತ್ರಿಭೋಜನದ ದಿನ ನಡೆದದ್ದನ್ನ ಹೇಳದೆ ಇರೋಕಾಗಲ್ಲ. ಲೂಥರನ ಕಾಲಕ್ಕೆ ಮುಂಚೆ ರೊಟ್ಟಿ ಮಾತ್ರ ಜನರಿಗೆ, ದ್ರಾಕ್ಷಾರಸದ ಪಾತ್ರೆ ಪಾದ್ರಿಗಳಿಗೆ. ಎರಡೂ ಜನರಿಗೆ ಸೇರಬೇಕು ಅಂತ ಆತ ಹಟ ಹಿಡಿದ. ಹಾಗಾಗಿ ಆ ಸಭೆಯಲ್ಲಿ ಒಂದೇ ಪಾತ್ರೆ, ಎಲ್ಲರ ತುಟಿಗೂ ಅದೇ. ಸಾಲಿನಲ್ಲಿ ಅವ್ವನಿಗಿಂತ ಮುಂದೆ ರೇಷ್ಮೆ ಸೀರೆಯ ಒಬ್ಬ ಹೆಂಗಸು, ಹಿಂದೆ ಒಬ್ಬ ಸರ್ಕಾರಿ ನೌಕರ. ಪಾತ್ರೆ ಅವ್ವನ ಮುಂದೆ ಬಂದಾಗ ಅವಳು ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದಳು. ಮೇಲಿಂದ ಹೊಯ್ಯಲಿ ಅಂತ. ಜನ್ಮವೆಲ್ಲ ಅವಳು ಹಾಗೇ ಕುಡಿದವಳು, ಒಡೇರ ಮನೆಯಲ್ಲೂ ಹೋಟ್ಲಲ್ಲೂ. ಪಾದ್ರಿಗಳು ಒಂದು ಗಳಿಗೆ ನಿಂತರು. ಆಮೇಲೆ ಎಡಗೈಯಿಂದ ಅವಳ ಬೊಗಸೆ ಮೆಲ್ಲಗೆ ಕೆಳಗೆ ಇಳಿಸಿ ಪಾತ್ರೆಯ ಅಂಚನ್ನು ತುಟಿಗೆ ಮುಟ್ಟಿಸಿದರು. ಹಿಂದಿನ ನೌಕರರೂ ಅದೇ ಅಂಚಿನಿಂದ ಕುಡಿದರು. ಮನೆಗೆ ಬರುವ ಬಸ್ಸಿನಲ್ಲಿ ಘಟ್ಟ ಹತ್ತಿ ಮುಗಿಯೋ ತನಕ ಅವ್ವ ಬಾಯಿ ಬಿಡಲಿಲ್ಲ. ಈಗ ಎಷ್ಟೋ ಸಭೆಗಳಲ್ಲಿ ಆರೋಗ್ಯದ ಕಾರಣ ಹೇಳಿ ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಲೋಟ ಬಂದಿದೆ. ಕಾರಣ ಸರಿಯಾಗಿಯೇ ಇರಬಹುದು, ನಮಗೆ ಮಾತ್ರ ಬೇರೆ ಲೋಟ ಕಂಡರೆ ಹೊಟ್ಟೆಯೊಳಗೆ ಏನೋ ತಿರುವುತ್ತದೆ.

ಇದೆಲ್ಲ ಹೇಳಿದ ಮಾತ್ರಕ್ಕೆ ಅಲ್ಲಿ ಸ್ವರ್ಗ ಇತ್ತು ಅಂತಲ್ಲ. ಆರಾಧನೆ ಮುಗಿದು ಅಂಗಳಕ್ಕೆ ಬಂದರೆ, "ನೀವು ಮೂಲದಲ್ಲಿ ಯಾವ ಕಡೆಯವರು?" ಅಂತ ಕೇಳುವವರು ಇದ್ದೇ ಇದ್ದರು. ಪಾತ್ರೆ ಒಂದಾಯಿತು, ಮದುವೆಯ ಚಪ್ಪರ ಒಂದಾಗಲಿಲ್ಲ. 1706ರಲ್ಲಿ ಸೀಗನ್‌ಬಾಲ್ಗ್ ಬಂದಿಳಿದ ತರಂಗಂಬಾಡಿಯ ಲೂಥರನ್ ಸಭೆಗಳಲ್ಲಂತೂ ಜಾತಿಗೊಂದು ಸಾಲು ಬಹುಕಾಲ ಉಳಿಯಿತು. ಬಾಸೆಲ್ ಮಿಶನ್ನಿನವರು ಅದಕ್ಕಿಂತ ಕಟ್ಟುನಿಟ್ಟು, ಆದರೂ ಮನಸ್ಸಿನ ಒಳಗಿನ ಸಾಲನ್ನು ಕಿತ್ತವರಾರು? ಕ್ರೈಸ್ತರಾದರೂ ಜಾತಿ ಕಳಚಿ ಬೀಳಲಿಲ್ಲ ಅಂತ ಬಾಬಾಸಾಹೇಬರು ಮುಲಾಜಿಲ್ಲದೆ ಬರೆದರು. ಅದನ್ನು ನಾವು ವೇದಪಾಠದಲ್ಲೇ ಇಟ್ಟು ಓದಿದ್ದೇವೆ.

ಲೂಥರನನ್ನೂ ಬಿಟ್ಟಿಲ್ಲ. 1525ರಲ್ಲಿ ಜರ್ಮನಿಯ ರೈತರು ದಂಗೆ ಎದ್ದರು. ಮೆಮ್ಮಿಂಗನ್ ಊರಿನಲ್ಲಿ ಅವರು ಬರೆದ ಹನ್ನೆರಡು ಬೇಡಿಕೆಗಳಲ್ಲಿ ಒಂದು, ಕ್ರಿಸ್ತ ನಮ್ಮೆಲ್ಲರನ್ನೂ ಬಿಡಿಸಿರುವಾಗ ನಾವು ಜೀತದಾಳುಗಳಲ್ಲ ಅನ್ನೋದು. ಎಲ್ಲಿ ಕಲಿತರು ಇದನ್ನ? ಲೂಥರ್ ಕೈಗೆ ಕೊಟ್ಟ ಪುಸ್ತಕದಲ್ಲೇ. ಆದರೆ ದಂಗೆ ಉರಿದಾಗ ಆತ ರೈತರನ್ನು ಬಡಿದು ಹಾಕಿ ಅಂತ ದೊರೆಗಳಿಗೆ ಬರೆದ. ಹತ್ತಾರು ಸಾವಿರ ರೈತರು ಸತ್ತರು. ಅವರ ಜೊತೆ ನಿಂತ ಪಾದ್ರಿ ಥಾಮಸ್ ಮುನ್ಜರನ ತಲೆ ಕಡಿದರು. ಎಂಗೆಲ್ಸ್ 1850ರಲ್ಲಿ ಈ ಯುದ್ಧದ ಮೇಲೆಯೇ ಪುಸ್ತಕ ಬರೆದದ್ದು ಸಂಘದ ಗೆಳೆಯರಿಗೆ ಗೊತ್ತಿದೆ. ಇಳಿವಯಸ್ಸಿನಲ್ಲಿ ಯಹೂದಿಗಳ ಮೇಲೆ ಲೂಥರ್ ಕಾರಿದ ವಿಷವೂ ಸಣ್ಣದಲ್ಲ. ಇದನ್ನು ಓದಿದ ರಾತ್ರಿ ನಮ್ಮ ತಮ್ಮನೊಬ್ಬ, "ಹಂಗಾದ್ರೆ ಇವನ ಪ್ರಶ್ನೋತ್ತರ ಯಾಕೆ ಕಲೀಬೇಕು, ಒಲೆಗೆ ಹಾಕಿ" ಅಂದ. ದೊಡ್ಡಪ್ಪ ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ, "ಪುಸ್ತಕ ಕೊಟ್ಟೋನು ಪುಸ್ತಕಕ್ಕಿಂತ ದೊಡ್ಡೋನಲ್ಲ. ಆ ರೈತರು ಓದಿದ ಹಾಗೆ ಓದಾನ" ಅಂದರು. ನಾವು ಈಗಲೂ ಓದೋದು ಹಾಗೇ.

ಕಾಗದದ ಕತೆಯೂ ಉಂಟು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದವರಿಗೆ ಕರ್ನಾಟಕದಲ್ಲಿ ಪ್ರವರ್ಗ 1. ನಮ್ಮನ್ನು ಹೊರಗೆ ನಿಲ್ಲಿಸಿದ ಒಡೇರಿಗೆ ನಾವು ದೀಕ್ಷೆ ತಗೊಂಡದ್ದು ಗೊತ್ತೇ ಆಗಲಿಲ್ಲ, ಹಿತ್ತಿಲ ಬಾಗಿಲು ಹಾಗೇ ಇತ್ತು. ಗೊತ್ತಾದದ್ದು ಸರ್ಟಿಫಿಕೇಟಿಗೆ ಮಾತ್ರ. ಇದನ್ನು ಮತ್ತೆ ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿದರು. ಹೀಗಾಗಿ ನಮ್ಮ ಚಾಪೆಯ ಮೇಲೆ ದೀಕ್ಷೆ ತಗೊಂಡವರೂ ಇದ್ದಾರೆ, ಮಕ್ಕಳ ಓದಿಗಾಗಿ ತಗೊಳ್ಳದೆ ಉಳಿದವರೂ ಇದ್ದಾರೆ. ಅವರನ್ನು ಇವರು ಕಡಿಮೆ ಅಂತ ಕಂಡರೆ ಆವತ್ತೇ ಚಾಪೆ ಸುತ್ತಿಡಬೇಕು ಅಂತ ದೊಡ್ಡಪ್ಪ ಸಾಯುವ ತನಕ ಹೇಳಿದರು.

ಅವ್ವನೂ ದೊಡ್ಡಪ್ಪನೂ ಈಗಿಲ್ಲ. ಬುಡ್ಡಿ ಹೋಗಿ ಕರೆಂಟು ಬಂದಿದೆ, ಬೆಂಗಳೂರಿಂದ ರಜಕ್ಕೆ ಬರುವ ಹುಡುಗರು ಮೊಬೈಲಿನಲ್ಲೇ ಸತ್ಯವೇದ ತೆಗೀತಾರೆ. ಆದರೆ ಒಬ್ಬೊಬ್ಬರಿಗೆ ಒಂದೊಂದು ವಚನ ಅನ್ನೋದು ಹೋಗಿಲ್ಲ. ಕಳೆದ ಶನಿವಾರ ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯ. ಪರಜಾತಿಯ ಹೆಂಗಸೊಬ್ಬಳು ಮಗಳ ಕಾಯಿಲೆಗೆ ಬೇಡಿಕೊಂಡು ಬಂದಾಗ ಯೇಸು ಮಕ್ಕಳ ರೊಟ್ಟಿ, ನಾಯಿಮರಿ ಅಂತ ಮಾತಾಡುವ ಜಾಗ. ಅವಳು ಅಲ್ಲೇ ನಿಂತು ವಾದ ಮಾಡ್ತಾಳೆ, ಗೆಲ್ತಾಳೆ. ಆ ವಚನ ಬಿದ್ದದ್ದು ಪಿಯುಸಿ ಓದುವ ನಮ್ಮ ಅಕ್ಕನ ಮೊಮ್ಮಗಳ ಪಾಲಿಗೆ. ಅವಳು ಓದಿ ನಿಲ್ಲಿಸಿ, "ಆ ಮಾತು ಯೇಸು ಆಡಬಾರದಿತ್ತು" ಅಂದಳು. ಒಬ್ಬರು ಅದು ನಂಬಿಕೆಯ ಪರೀಕ್ಷೆ ಅಂದರು. ಇನ್ನೊಬ್ಬರು, ಅಲ್ಲ, ಆ ಹೆಂಗಸಿನಿಂದ ಯೇಸುವೇ ಕಲಿತ ಅಂದರು. ಹುಡುಗಿ ಎರಡಕ್ಕೂ ಒಪ್ಪಲಿಲ್ಲ. ಹತ್ತೂವರೆಯಾಯಿತು, ಪ್ರಾರ್ಥನೆ ಮಾಡಿ ಎದ್ವಿ. ಬರುವ ವಾರವೂ ಅದೇ ಅಧ್ಯಾಯ.