ಸರದಿ ನಿಮ್ಮದು

ರಾತ್ರಿ ಹತ್ತೂವರೆ. ಇಚಲಕರಂಜಿಯ ಈ ಮಾಳಿಗೆ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದೀರಿ. ಕಾಲಡಿಯ ನೆಲ ನಡುಗುತ್ತಿದೆ. ಕೆಳಗೆ ಮಾಮಾನ ಕಾರ್ಖಾನೆಯಲ್ಲಿ ಎಂಟು ಮಗ್ಗ ಒಟ್ಟಿಗೆ ಓಡುತ್ತಿವೆ. ಲಾಳಿ ಈ ತುದಿಯಿಂದ ಆ ತುದಿಗೆ ಬಡಿದು ತಿರುಗುವ ಪೆಟ್ಟು, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ, ಅಂಗಾಲಿನಿಂದ ಏರಿ ಹಲ್ಲಿನ ಬುಡದವರೆಗೆ ಬರುತ್ತದೆ. 1904ರಲ್ಲಿ ವಿಠ್ಠಲರಾವ್ ದಾತಾರ್ ಈ ಊರಿಗೆ ಮೊದಲ ಪವರ್‌ಲೂಮ್ ತಂದರು. ಅಂದಿನಿಂದ ಇಲ್ಲಿಯವರಿಗೆ ಈ ಸದ್ದಿನಲ್ಲೇ ನಿದ್ದೆ, ಸದ್ದು ನಿಂತರೆ ಎಚ್ಚರ.

ಮೂಗಿಗೆ ಮಷಿನ್ ಎಣ್ಣೆ, ನೂಲಿನ ಗಂಜಿ, ಅವೆರಡರ ಮೇಲೆ ಒಣಮೆಣಸಿನಕಾಯಿಯ ಘಾಟು. ಮೆಣಸಿನಕಾಯಿ ಆಯಿಯದು. ಸಂಜೆ ಗಡಹಿಂಗ್ಲಜದಿಂದ ಎಸ್‌ಟಿ ಬಸ್ಸಿನಲ್ಲಿ ಚೀಲದ ತುಂಬ ಸಂಕೇಶ್ವರಿ ಮೆಣಸಿನಕಾಯಿ ಹೊತ್ತು ತಂದಿದ್ದಾಳೆ. ನಿದ್ದೆ ಬಾರದೆ ನಿಮ್ಮ ಕೋಣೆಗೇ ಬಂದು, ನೆಲಕ್ಕೆ ಹಳೇ ಪೇಪರ್ ಹರಡಿ ತೊಟ್ಟು ಬಿಡಿಸುತ್ತ ಕೂತಿದ್ದಾಳೆ. ನೀವೂ ಒಂದಿಷ್ಟು ಬಿಡಿಸಿಕೊಟ್ಟಿರಿ. ಈಗ ಬೆರಳ ತುದಿ ಉರಿಯುತ್ತಿದೆ. ಏನೇ ಆಗಲಿ, ಬೆಳಗಿನ ತನಕ ಕಣ್ಣು ಒರೆಸಿಕೊಳ್ಳುವಂತಿಲ್ಲ.

ಪರದೆಯೊಳಗೆ ಹಸಿರು ಕಾಡು, ಬಿಸಿಲು, ಮೆಟ್ಟಿಲಿಳಿದರೆ ಕಲ್ಲಿನ ಗುಹೆ. ಆಟದ ಹೆಸರು ಬಾಲ್ಡರ್ಸ್ ಗೇಟ್ 3. ಬೆಲ್ಜಿಯಂನ ಘೆಂಟ್ ಊರಿನ ಲೇರಿಯನ್ ಸ್ಟುಡಿಯೋಸ್ ಇದನ್ನು 2023ರ ಆಗಸ್ಟ್ 3ರಂದು ಬಿಡುಗಡೆ ಮಾಡಿತು. 150 ಜಿಬಿ ಜಾಗ ಬೇಡುವ ಈ ಕಥೆಯನ್ನು ನೀವು ರಾತ್ರಿ ರಾತ್ರಿ ಇಳಿಸಿಕೊಂಡಿದ್ದೀರಿ. ಗ್ರಾಫಿಕ್ಸ್ ಕಾರ್ಡ್ ಕೊಲ್ಹಾಪುರದಲ್ಲಿ ಒಬ್ಬರ ಕೈ ದಾಟಿ ಸಿಕ್ಕಿದ್ದು. ಟವೆಲ್‌ನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದು. ಇಷ್ಟೆಲ್ಲ ಮಾಡಿದ್ದು ಈ ಗುಹೆಯೊಳಗೆ ಕಾಲಿಡುವುದಕ್ಕೆ.

ಗುಹೆಯಲ್ಲಿ ಒಬ್ಬ ಹೆಂಗಸು ನಿಂತಿದ್ದಾಳೆ. ಅವಳೆದುರು ಒಂದು ಹುಡುಗಿ. ಹುಡುಗಿಯ ಸುತ್ತ ಒಂದು ಹಾವು.

"ಯಾರ ಅಕಿ, ಹಾವ ಸಾಕಿದಾಕಿ?" ಆಯಿಯ ಕೈ ನಿಂತಿದೆ.

"ಕಾಗಾ ಅಂತ, ಆಯಿ. ಈ ವನಕ್ಕ ಈಗ ಅಕಿನ ಒಡತಿ."

"ಕೂಸ ಏನ್ ಮಾಡೇತಿ?"

"ದೇವರ ಮೂರ್ತಿ ಕದಿಯಾಕ ಹೋಗಿತ್ತಂತ."

"ಅಷ್ಟಕ್ಕ ಹಾವ ಬಿಡೂದಾ?"

ಹುಡುಗಿಯ ಹೆಸರು ಅರಬೆಲ್ಲಾ. ಊರು ಕಳಕೊಂಡು ಅಲೆಯುತ್ತಿರುವ ಕೋಡಿನ ಜನರ ಮಗಳು. ಆಕೆಯ ಅಪ್ಪ ಅವ್ವ ಹೊರಗೆ ಬಾಗಿಲಲ್ಲಿ ಗೋಗರೆಯುತ್ತಿದ್ದಾರೆ, ಅವರನ್ನು ದಾಟಿಯೇ ಒಳಗೆ ಬಂದಿದ್ದೀರಿ. ಪರದೆಯ ಕೆಳಗೆ ನಾಲ್ಕಾರು ಸಾಲು ಇಂಗ್ಲಿಷಿನಲ್ಲಿ ನಿಮ್ಮ ಮಾತಿಗಾಗಿ ಕಾದಿವೆ. ಬೆದರಿಸಬಹುದು. ಬೇಡಿಕೊಳ್ಳಬಹುದು. ಸುಮ್ಮನೆ ತಿರುಗಿ ಹೋಗಬಹುದು. ನಿಮ್ಮ ಪಾತ್ರ ಹಾಡುಗಾರ್ತಿ, ಮಾತೇ ಅವಳ ಬಂಡವಾಳ. ತಿಳಿ ಹೇಳುವ ಸಾಲನ್ನು ಒತ್ತುತ್ತೀರಿ.

ಇಪ್ಪತ್ತು ಮುಖದ ದಾಳ ಪರದೆ ತುಂಬ ಬರುತ್ತದೆ. ಅದರ ಮೇಲೆ ನಿಮ್ಮ ವಾಕ್ಚಾತುರ್ಯದ ಅಂಕ ಕೂಡುತ್ತದೆ. ಜತೆಗಿರುವ ಶ್ಯಾಡೋಹಾರ್ಟ್ ಎಂಬ ಪೂಜಾರಿಣಿ ಮಂತ್ರ ಹಾಕಿ ಇನ್ನೊಂದಿಷ್ಟು ಕೂಡಿಸುತ್ತಾಳೆ. ಲೆಕ್ಕ ನಿಮ್ಮ ಕಡೆಗಿದೆ. ದಾಳ ಉರುಳುತ್ತದೆ, ಉರುಳುತ್ತದೆ, ಕೆಳಗಿನ ಲಾಳಿಯ ತಾಳಕ್ಕೆ ಸರಿಯಾಗಿ ಕಟಕಟ ಅನ್ನುತ್ತದೆ, ನಿಲ್ಲುತ್ತದೆ.

1.

ಮೇಲೆ ಎಷ್ಟು ಕೂಡಿಸಿದರೂ ಒಂದು ಬಿದ್ದರೆ ಸೋಲು, ಇದು ಆಟದ ಕಟ್ಟಳೆ. ಮತ್ತೆ ಉರುಳಿಸುವ ಅವಕಾಶವನ್ನು ಹಿಂದೆಯೇ ಖರ್ಚು ಮಾಡಿಬಿಟ್ಟಿದ್ದೀರಿ. ಹುಡುಗಿ ಓಡಲು ನೋಡುತ್ತಾಳೆ. ಹಾವು ಚಿಮ್ಮುತ್ತದೆ. ಆಕೆ ಕುಸಿಯುವಾಗ ತಲೆ ಕಲ್ಲಿಗೆ ತಾಗಿದ ಸಣ್ಣ ಸದ್ದು ಹೆಡ್‌ಫೋನಿನಲ್ಲಿ ನಿಮಗೊಬ್ಬರಿಗೇ ಕೇಳಿಸುತ್ತದೆ. ಹೊಟ್ಟೆಯಲ್ಲಿ ಏನೋ ಜಾರುತ್ತದೆ. ಗೊಂಬೆ, ಬಣ್ಣ, ಲೆಕ್ಕ, ಅಷ್ಟೇ ಅಂತ ತಲೆ ಹೇಳುತ್ತದೆ. ಹೊಟ್ಟೆ ಕೇಳುವುದಿಲ್ಲ.

"ಮಾತಾಡಾಕ ಬರಲಿಲ್ಲ ನಿನಗ," ಅನ್ನುತ್ತಾಳೆ ಆಯಿ. ಬೈಗುಳವಲ್ಲ, ವರದಿ.

ಬೇರೆ ಯಾವುದೇ ಆಟವಾದರೆ ಹಿಂದಿನ ಗುರುತಿಗೆ ಹೋಗಿ ಮತ್ತೊಮ್ಮೆ ದಾಳ ಹಾಕುತ್ತಿದ್ದಿರಿ. ನೀವು ಆಡುತ್ತಿರುವುದು ಆನರ್ ಮೋಡ್. 2023ರ ನವೆಂಬರ್ ಕೊನೆಗೆ ಲೇರಿಯನ್ ಸೇರಿಸಿದ ಕ್ರಮ ಇದು. ಇದರಲ್ಲಿ ಉಳಿಸಿಕೊಳ್ಳಲು ಒಂದೇ ಕಡತ, ಅದನ್ನೂ ಆಟವೇ ಬರೆದುಕೊಳ್ಳುತ್ತದೆ. ನಾಲ್ಕೂ ಜನ ಸತ್ತರೆ ಆನರ್ ಮುಗಿಯಿತು. ಆಡಿದ ಮಾತು ಆಡಿದ್ದೇ. ಹೊರಗೆ ಬಾಗಿಲಲ್ಲಿ ಆ ಅಪ್ಪ ಅವ್ವನ ಎದುರು ಹೇಗೆ ಹಾಯುವುದು ಅಂತ ನೀವು ಮೌಸ್ ಹಿಡಿದು ಕೂತಿರುವಾಗಲೇ,

ಕರೆಂಟ್ ಹೋಗುತ್ತದೆ.

ಮೊದಲು ಕತ್ತಲೆಯಲ್ಲ, ಮೊದಲು ಮೌನ. ಎಂಟು ಮಗ್ಗ, ಪಕ್ಕದ ಮನೆಯ ಮಗ್ಗ, ಓಣಿಯ ಮಗ್ಗ ಎಲ್ಲ ಒಂದೇ ಉಸಿರಿಗೆ ನಿಲ್ಲುತ್ತವೆ. ಮೈ ಹಗುರಾಗಿ ಮುಂದಕ್ಕೆ ಮುಗ್ಗರಿಸಿದಂತಾಗುತ್ತದೆ. ಆಮೇಲೆ ಸೊಳ್ಳೆಯ ಗುಂಯ್. ಕೆಳಗೆ ಮಾಮಾ ಬ್ಯಾಟರಿಗಾಗಿ ಯಾರನ್ನೋ ಕೂಗುತ್ತಾನೆ. ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತದೆ. ಮೆಣಸಿನಕಾಯಿಯ ಘಾಟು ಕತ್ತಲಲ್ಲಿ ಎರಡು ಪಟ್ಟು.

"ನಿನ್ನ ಆಟ ಸತ್ತಿತೇನ?"

ಇಲ್ಲ, ಆಯಿ. ಹೇಳುತ್ತ ಹೇಳುತ್ತಲೇ ನಿಮಗೆ ಹೊಳೆಯುತ್ತದೆ. ಸರಿಯಾಗಿ ಮುಚ್ಚಿದ್ದರೆ ಆಟ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿತ್ತು. ಈಗ ಅದಕ್ಕೆ ಪುರಸೊತ್ತು ಸಿಕ್ಕಿಲ್ಲ. ಕರೆಂಟ್ ಬಂದಾಗ ಅದು ಕೊನೆಯ ಸಲ ಬರೆದುಕೊಂಡ ಗಳಿಗೆಯಿಂದ ಏಳುತ್ತದೆ. ಅಂದರೆ ಬಹುಶಃ ಮೆಟ್ಟಿಲಿನ ಮೇಲೆ, ಗುಹೆಯ ಹೊರಗೆ.

"ಹಂಗಾರ ಕೂಸ ಬದಕಿರತೇತಿ?"

"ಇರಬೇಕ, ಆಯಿ."

"ಸಾವಿತ್ರಿ ಪಾಪ ಸುಳ್ಳ ತ್ರಾಸ ತಗೊಂಡ್ಳು," ಅಂತ ಕತ್ತಲಲ್ಲಿ ನಗುತ್ತಾಳೆ.

ನಿಮಗೆ ನಗು ಬರುವುದಿಲ್ಲ. ದಾಳವನ್ನು ಒಪ್ಪುತ್ತೇನೆ ಅಂತ ಮಾತು ಕೊಟ್ಟು ಆಟಕ್ಕಿಳಿದವರು ನೀವು. ಈ ಬಗೆಯ ಆಟ ಶುರುವಾಗಿದ್ದೇ ಆ ಮಾತಿನ ಮೇಲೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಹೊರತಂದಾಗ ಕಂಪ್ಯೂಟರಿನ ಮಾತೇ ಇರಲಿಲ್ಲ. ಮೇಜಿನ ಸುತ್ತ ಗೆಳೆಯರು, ಕಾಗದ, ಪೆನ್ಸಿಲ್, ದಾಳ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರೊಳಗೆ ನಡೆಯುತ್ತಾರೆ, ಅನುಮಾನ ಬಂದಲ್ಲಿ ದಾಳ ತೀರ್ಪು ಕೊಡುತ್ತದೆ. 1998ರ ಮೊದಲ ಬಾಲ್ಡರ್ಸ್ ಗೇಟ್ ಪರದೆಯ ಮೇಲೆ ನಿಂತಿದ್ದೂ ಅದೇ ಕಟ್ಟಳೆಗಳ ಮೇಲೆ. ಆಯಿಗೆ ಇದೆಲ್ಲ ಹೇಳಬೇಕಾಗಿಲ್ಲ. ಕುಲಗೋಡ ತಮ್ಮಣ್ಣನ ಪಾರಿಜಾತವನ್ನು ರಾತ್ರಿ ಇಡೀ ಕೂತು ನೋಡಿದವಳು ಅವಳು. ಅಟ್ಟದ ಮೇಲಿನವರು ಬೆಳಗಾದರೆ ಯಾರದೋ ಮನೆಯ ಮಕ್ಕಳು ಅಂತ ಗೊತ್ತಿದ್ದೂ ಸತ್ಯಭಾಮೆಯ ಪಕ್ಷ ವಹಿಸಿ ಜಗಳಾಡಿದವಳು.

ಮುಕ್ಕಾಲು ಗಂಟೆ ಕಳೆದು ಬಲ್ಬು ಕಣ್ಣು ಬಿಡುತ್ತದೆ. ಕೆಳಗೆ ಮಾಮಾ ಒಂದೊಂದೇ ಮಗ್ಗ ಚಾಲೂ ಮಾಡುತ್ತಾನೆ, ನೆಲ ಮೆಲ್ಲಗೆ ನಡುಗತೊಡಗುತ್ತದೆ. ಕಂಪ್ಯೂಟರ್ ಏಳುತ್ತದೆ. ಮೆಟ್ಟಿಲು. ಬಿಸಿಲು. ಅಪ್ಪ ಅವ್ವ ಬಾಗಿಲಲ್ಲಿ ಗೋಗರೆಯುತ್ತಿದ್ದಾರೆ, ಮಗಳು ಇನ್ನೂ ಒಳಗೆ ಜೀವಂತ.

ಒಳಗೆ ಹೋಗದಿದ್ದರೆ ಆ ದೃಶ್ಯವೇ ತೆರೆಯದು, ಹಾವು ಚಿಮ್ಮದು. ಮೌಸಿನ ಮೇಲೆ ಉರಿವ ಬೆರಳು ಅತ್ತಿತ್ತ ಹೊರಳುತ್ತದೆ. ನನ್ನನ್ನು ಕೇಳಿದರೆ, ಈ ಆಟದ ಅತಿ ಕಷ್ಟದ ಶತ್ರು ಯಾವ ರಾಕ್ಷಸನೂ ಅಲ್ಲ, ಹೀಗೆ ಬಾಗಿಲಲ್ಲಿ ನಿಂತ ಇಂಥ ನಿಮಿಷ. ಆದರೂ ಒಳಗೆ ಹೋಗುತ್ತೀರಿ. ಅದೇ ಸಾಲು ಒತ್ತುತ್ತೀರಿ. ದಾಳ 14ಕ್ಕೆ ನಿಲ್ಲುತ್ತದೆ. ಸಾಕು. ಹುಡುಗಿ ಓಡಿ ಅವ್ವನನ್ನು ಅಪ್ಪಿಕೊಳ್ಳುತ್ತಾಳೆ, ಆಯಿ ಮತ್ತೊಂದು ಮೆಣಸಿನಕಾಯಿ ಎತ್ತಿಕೊಳ್ಳುತ್ತಾಳೆ, ನಿಮಗೆ ಮಾತ್ರ ಗೆದ್ದ ಖುಷಿ ಪೂರ್ತಿ ಬರುವುದಿಲ್ಲ.

ನಡುರಾತ್ರಿ ದಾಟಿದೆ. ಪಾಳುಬಿದ್ದ ಹಳ್ಳಿಯ ಬಾವಿಯಲ್ಲಿ ಇಳಿದಿದ್ದೀರಿ. ನಾಲ್ಕು ಜನ: ನಿಮ್ಮ ಹಾಡುಗಾರ್ತಿ, ಶ್ಯಾಡೋಹಾರ್ಟ್, ಮಂತ್ರವಾದಿ ಗೇಲ್, ರಕ್ತ ಹೀರುವ ಅಸ್ಟೇರಿಯನ್. ತಳದಲ್ಲಿ ಕತ್ತಲು, ಹನಿ ತೊಟ್ಟಿಕ್ಕುವ ಸದ್ದು, ಪ್ರಪಾತದ ಮೇಲೆ ಹಗ್ಗದ ಸೇತುವೆಗಳ ಹಾಗೆ ಹರಡಿದ ಬಿಳಿ ಬಲೆ. ಮೊಟ್ಟೆಗಳು. ಮೇಲೆಲ್ಲೋ ಎಂಟು ಕಾಲಿನ ಗೀರು ಸದ್ದು. ಹಿಂಡಿನ ತಾಯಿಜೇಡ ಕಣ್ಣೆದುರೇ ಮಾಯವಾಗಿ ಬೇರೆ ಕಡೆ ಮೂಡುತ್ತದೆ.

ಪರದೆಯ ನೆತ್ತಿಯಲ್ಲಿ ಮುಖಗಳ ಸಾಲು ಬಂದು ನಿಲ್ಲುತ್ತದೆ. ಯಾರ ಸರದಿ ಯಾವಾಗ ಅಂತ ಅಲ್ಲಿ ಬರೆದಿದೆ. ಈಗ ನಿಮ್ಮದು. ಹಸಿರು ಗುಂಡು ಒಂದು ಕೆಲಸಕ್ಕೆ, ಕೇಸರಿ ತ್ರಿಕೋನ ಇನ್ನೊಂದು ಸಣ್ಣ ಕೆಲಸಕ್ಕೆ, ನಡೆಯಲು ಅಳತೆಯಷ್ಟು ನೆಲ. ಅಷ್ಟೇ ನಿಮ್ಮ ಆಸ್ತಿ. ಜೇಡ ಕಾಯುತ್ತದೆ. ಎದ್ದು ಹೋಗಿ ನೀರು ಕುಡಿದು ಬನ್ನಿ, ಅದು ಎತ್ತಿದ ಕಾಲು ಎತ್ತಿಕೊಂಡೇ ನಿಂತಿರುತ್ತದೆ. ಸರದಿ ಪದ್ಧತಿಯ ಕಾಳಗ ಸಪ್ಪೆ ಅನ್ನುವವರು ಈ ಕಾಯುವಿಕೆಯನ್ನು ಅನುಭವಿಸಿಲ್ಲ. ಅವಸರದಲ್ಲಿ ತಪ್ಪಿದರೆ ಕೈಯನ್ನು ದೂರಬಹುದು. ಇಲ್ಲಿ ಹತ್ತು ನಿಮಿಷ ಯೋಚಿಸಿಯೇ ತಪ್ಪುತ್ತೀರಿ.

ಮೊದಲ ಸುತ್ತು ಸಲೀಸು. ಎರಡನೆಯದರಲ್ಲಿ ಮೊಟ್ಟೆ ಒಡೆದು ಮರಿಗಳು ಸುರಿಯುತ್ತವೆ. ಮೂರನೆಯದರಲ್ಲಿ ವಿಷದ ಉಗುಳು ಗೇಲ್‌ನ ಅರ್ಧ ಜೀವ ತಿನ್ನುತ್ತದೆ. ಆನರ್ ಮೋಡಿನಲ್ಲಿ ದೊಡ್ಡ ಶತ್ರುಗಳಿಗೆ ಸರದಿ ಇಲ್ಲದಾಗಲೂ ಎರಗುವ ಹಕ್ಕುಂಟು. ತಾಯಿಜೇಡ ಬಲೆಯ ನಡುವೆ ಮೂಡುತ್ತದೆ, ಅಲ್ಲೇ ನಿಂತಿದ್ದ ಅಸ್ಟೇರಿಯನ್‌ಗೆ ಕಚ್ಚುತ್ತದೆ. ಅವನು ಬೀಳುತ್ತಾನೆ. ಸತ್ತಿಲ್ಲ. ಬಿದ್ದವನು ತನ್ನ ಸರದಿ ಬಂದಾಗಲೆಲ್ಲ ಸಾವಿನೊಡನೆ ದಾಳ ಹಾಕುತ್ತಾನೆ: ಹತ್ತು ಅಥವಾ ಮೇಲೆ ಬಂದರೆ ಒಂದು ಗೆಲುವು, ಕೆಳಗೆ ಬಂದರೆ ಒಂದು ಸೋಲು, ಮೂರು ಸೋಲಿಗೆ ಮುಗಿಯಿತು. ಮೊದಲ ದಾಳ, 6. ಮುಂದಿನ ಸುತ್ತು, 3.

ಈಗ ಗೇಲ್‌ನ ಸರದಿ.

ಹೆಡ್‌ಫೋನಿನೊಳಗೆ ಕಿವಿ ಬೆವೆತಿದೆ. ಹಣೆಯ ಹನಿ ಹುಬ್ಬಿಗೆ ಇಳಿದು, ಕಣ್ಣಿನ ಅಂಚಿಗೆ ಬಂದು ನಿಂತಿದೆ. ಕೈ ತಾನಾಗಿ ಮೇಲೇಳುತ್ತದೆ. ಬೇಡ, ಮೆಣಸಿನಕಾಯಿ. ಭುಜಕ್ಕೆ ಮುಖ ಒರೆಸುತ್ತೀರಿ.

ಬೆಂಕಿಯ ಬಾಣವನ್ನು ನೇರ ಜೇಡಕ್ಕೆ ಎಸೆದರೆ ತಾಗುವ ಸಂಭವ ನೂರಕ್ಕೆ 55 ಅಂತ ಪರದೆ ಹೇಳುತ್ತಿದೆ. ತಾಗಿದರೂ ಅದು ಸಾಯುವುದಿಲ್ಲ, ತಾಗದಿದ್ದರೆ ಮುಂದಿನ ಪೆಟ್ಟು ಗೇಲ್‌ಗೆ. ಇನ್ನೊಂದು ದಾರಿ ಬಲೆಗೆ ಬೆಂಕಿ ಇಡುವುದು. ಬಲೆ ಸುಟ್ಟರೆ ಜೇಡ ಪ್ರಪಾತದ ತಳಕ್ಕೆ ಬೀಳುತ್ತದೆ. ಅದೇ ಬಲೆಯ ಮೇಲೆ ಅಸ್ಟೇರಿಯನ್ ಬಿದ್ದಿದ್ದಾನೆ. ಎರಡು ಸೋಲು ಆಗಿವೆ. ಬಿದ್ದ ಪೆಟ್ಟೇ ಮೂರನೆಯದು.

ನೀವು ಬಲ್ಬಿನತ್ತ ನೋಡುತ್ತೀರಿ.

ಯಾಕೆ ನೋಡಿದಿರಿ ಅಂತ ನಿಮಗೆ ಗೊತ್ತು. ಈಗ ಕರೆಂಟ್ ಹೋದರೆ ಈ ಗುಹೆಯೂ ಇಲ್ಲ, ಈ ಸುತ್ತೂ ಇಲ್ಲ, ಬಾವಿಯ ಬಾಯಲ್ಲಿ ನಾಲ್ವರೂ ಗಟ್ಟಿಮುಟ್ಟು. ನಡುರಾತ್ರಿ ಇಚಲಕರಂಜಿಯಲ್ಲಿ ಕರೆಂಟ್ ಹೋಗಲಿ ಅಂತ ಹರಕೆ ಹೊರುತ್ತಿರುವವರು ನೀವೊಬ್ಬರೇ. ಕೆಳಗೆ ಮಾಮಾನ ಮಗ್ಗದಲ್ಲಿ ಹಾಸುನೂಲಿನ ಬೀಮು ಮುಗಿಯಬೇಕಿದೆ. ಸ್ವಿಚ್ಚು ಗೋಡೆಯಲ್ಲಿದೆ, ಕೈಚಾಚಿದರೆ ಸಿಗುತ್ತದೆ. ಒಂದು ಬೆರಳಿನ ಕೆಲಸ, ಯಾರೂ ಕೇಳುವುದಿಲ್ಲ.

ಬಲ್ಬು ಮಿಣುಕುವುದೂ ಇಲ್ಲ. ಲಾಳಿ ಬಡಿಯುತ್ತಲೇ ಇದೆ.

"ಏನ ಅಷ್ಟ ಇಚಾರ ಮಾಡಾಕತ್ತಿ ತಮ್ಮಾ?"

"ಒಬ್ಬನ್ನ ಕೆಡವಬೇಕಾಗೇತಿ, ಆಯಿ. ಇಲ್ಲಂದ್ರ ಎಲ್ಲಾರೂ ಹೋಗ್ತಾರ."

ಆಯಿ ಪರದೆಯನ್ನು ನೋಡುತ್ತಾಳೆ, ನಿಮ್ಮನ್ನು ನೋಡುತ್ತಾಳೆ. "ನಿನ್ನ ಮಂದಿ. ನೀನ ಹೇಳಬೇಕ."

ಬೆಂಕಿ ಬಲೆಗೆ. ಒತ್ತಿದಿರಿ. ಬಿಳಿ ಎಳೆ ಕೆಂಪಾಗುತ್ತದೆ, ಹರಿಯುತ್ತದೆ, ಜೇಡ ಕಾಲು ಬಡಿಯುತ್ತ ಕೆಳಗೆ, ಅಸ್ಟೇರಿಯನ್ ಸದ್ದಿಲ್ಲದೆ ಕೆಳಗೆ, ಅವನ ಮುಖದ ಮೇಲೆ ತಲೆಬುರುಡೆಯ ಗುರುತು. ನಿಮ್ಮ ದವಡೆ ಬಿಗಿದಿದೆ. ಜೇಡಕ್ಕೆ ಇನ್ನೂ ಚೂರು ಜೀವ. ಶ್ಯಾಡೋಹಾರ್ಟ್ ಕೆಳಗಿನ ಬಂಡೆಯ ಮೇಲೆ, ಅದರ ಪಕ್ಕದಲ್ಲೇ. ಮಗುಚಿ ಬಿದ್ದ ಶತ್ರುವಿಗೆ ಹತ್ತಿರದಿಂದ ಹೊಡೆದರೆ ಎರಡು ದಾಳ ಉರುಳುತ್ತವೆ, ದೊಡ್ಡದು ನಿಮ್ಮದು. ನಡೆ. ಎತ್ತು. ಹೊಡೆ. ಮೊದಲ ದಾಳ 4. ಎರಡನೆಯದು 17. ಗದೆ ಇಳಿಯುತ್ತದೆ. ಎಂಟು ಕಾಲು ಒಳಗೆ ಮಡಚಿಕೊಳ್ಳುತ್ತವೆ.

ಈಗಷ್ಟೇ ಉಸಿರು. ಬೆನ್ನಿಗೆ ಅಂಗಿ ಅಂಟಿದೆ, ಎಡಗಾಲು ಜೋಮು ಹಿಡಿದಿದೆ.

ಬಿಡಾರಕ್ಕೆ ಮರಳುತ್ತೀರಿ. ಬೆಂಕಿಯಿಂದ ಆಚೆಗೆ ವಿದರ್ಸ್ ನಿಂತಿದ್ದಾನೆ, ಒಣಗಿದ ತೊಗಲು, ಹಳೆಯ ಜರಿಬಟ್ಟೆ.

"ಇಂವ ಯಾರ, ಗೋರಿಯಿಂದ ಎದ್ದ ಬಂದಾಂಗ ಅದಾನ?"

"ಸತ್ತವರನ್ನ ಎಬ್ಬಸತಾನ, ಆಯಿ. ಎರಡನೂರ ಬಂಗಾರದ ನಾಣ್ಯ ತಗೋತಾನ."

"ಎರಡನೂರಕ್ಕ ಜೀವಾ? ಸೋವಿ ಆತ. ನಿನ್ನ ಕಡೆ ಎಷ್ಟ ಅದಾವ?"

ಚೀಲ ತೆರೆಯುತ್ತೀರಿ. ಮೂವತ್ತೆರಡು. ಜತೆಗೆ ಎರಡು ಕತ್ತಿ, ಜೇಡದ ವಿಷದ ಸೀಸೆ, ಯಾರದೋ ಬೂಟು, ಓದದೆ ಉಳಿದ ಪುಸ್ತಕ, ಹಾಡುಗಾರ್ತಿಯ ವೀಣೆಯಂಥ ವಾದ್ಯ. ಆಯಿ ಪೇಪರ್ ಮಡಚಿ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿ, ಕುರ್ಚಿಯ ಹತ್ತಿರಕ್ಕೆ ಸರಿಯುತ್ತಾಳೆ.

"ಬೂಟ ಮದಲ ಮಾರ. ವಾದ್ಯ ಮುಟ್ಟಬ್ಯಾಡ. ಆ ಕತ್ತಿಗೆ ಏನ ಕೊಡ್ತಾರ, ಕೇಳ ನೋಡೂಣು."