ಸಣ್ಣ ದೋಣಿಗೆ ಎಷ್ಟು ಕುದುರೆ?

ಗೃಹಸ್ಥರು ಓದುವ ಪತ್ರಿಕೆಯಲ್ಲಿ ದೋಣಿಯ ಯಂತ್ರದ ವಿಚಾರವೇತಕ್ಕೆಂದು ಘಟ್ಟದ ಮೇಲಿನ ವಾಚಕರು ಕೇಳಿಯಾರು. ಕುಂದಾಪುರದ ಬಳಿ, ಐದು ನದಿಗಳ ನೀರು ಕೂಡುವ ಪಂಚಗಂಗಾವಳಿಯ ನಡುವೆ, ಒಂದು ಕುದ್ರುವಿನಲ್ಲಿ ನಮ್ಮ ಹಿರಿಯರ ಮನೆಯಿದೆ. ಸುತ್ತಲೂ ಹೊಳೆಯ ನೀರಿರುವ ನಡುಗಡ್ಡೆಯನ್ನು ನಮ್ಮ ಕಡೆ ಕುದ್ರುವೆನ್ನುವುದು ವಾಡಿಕೆ. ನಮ್ಮ ಮನೆಗೆ ಅಕ್ಕಿ ಬರುವುದೂ ದೋಣಿಯಲ್ಲಿ, ಸೊಸೆಯಂದಿರು ಬಂದುದೂ ದೋಣಿಯಲ್ಲಿ, ವೈದ್ಯರನ್ನು ಕಾಣಹೋಗುವುದೂ ದೋಣಿಯಲ್ಲಿಯೇ. ಆದುದರಿಂದ ನಮ್ಮ ಪಾಲಿಗೆ ಇದು ಮನೆವಾರ್ತೆಯ ಮಾತೇ ಸರಿ.

ನಮ್ಮ ದೋಣಿ 12 ಅಡಿ ಉದ್ದದ್ದು, ತಳ ಚಪ್ಪಟೆ, ಹಿಂಬದಿಯ ಅಡ್ಡಹಲಗೆಯ ಅಗಲ ಮೂರುವರೆ ಅಡಿ. ಇಬ್ಬರು ಹುಟ್ಟು ಹಾಕಿದರೆ ಸುಖವಾಗಿ ಸಾಗುತ್ತಿತ್ತು. 2015ರಲ್ಲಿ ಅವರಲ್ಲಿ ಹಿರಿಯನಿಗೆ ತೋಳು ಏಳದಂತಾಯಿತು. ಅದೇ ವರ್ಷ ನಮ್ಮ ತಾಯಿಯವರಿಗೆ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ ಬಂದಿತು. ಪಡುವಣ ಗಾಳಿಯೂ ಇಳಿತದ ಸೆಳೆತವೂ ಎದುರಾದ ದಿನ, ಒಬ್ಬನೇ ಹುಟ್ಟು ಹಾಕಿ ದಡ ಮುಟ್ಟಿಸುವಷ್ಟರಲ್ಲಿ ಒಂದು ಗಂಟೆ ಕಳೆಯುತ್ತಿತ್ತು. ದೋಣಿಯ ಹಿಂದೆ ತೂಗುಹಾಕುವ ಔಟ್‌ಬೋರ್ಡ್ ಯಂತ್ರವೊಂದನ್ನು ತರಲೇಬೇಕೆಂದು ನಿಶ್ಚಯಿಸಿದೆವು.

ತಪ್ಪಿದುದು ಅಂಗಡಿಯಲ್ಲಿ. 5 ಅಶ್ವಶಕ್ತಿಯ ಹೊಸ ಯಂತ್ರಕ್ಕೂ 15 ಅಶ್ವಶಕ್ತಿಯ ಹಳೆಯ ಯಂತ್ರಕ್ಕೂ ಬೆಲೆಯಲ್ಲಿ ಅಷ್ಟೇನೂ ಅಂತರವಿರಲಿಲ್ಲ. ಐದು ಕುದುರೆಯ ಬೆಲೆಗೆ ಹದಿನೈದು ಕುದುರೆ ಸಿಗುವಾಗ ಬಿಡುವ ಗೃಹಸ್ಥನಾರು? ನಾವು ದೊಡ್ಡದನ್ನೇ ಹೊರಿಸಿಕೊಂಡು ಬಂದೆವು. ಹಿರಿಯ ಅಂಬಿಗನು ಅದನ್ನು ಕಂಡು, "ದೋಣಿ ಸಣ್ದ್, ಮಾರಾಯ್ರೇ. ಹಿಂದ್ ಭಾರ ಆತ್ತ್" ಎಂದನು. ಯಂತ್ರ ಬಂದರೆ ಹುಟ್ಟಿನವನಿಗೆ ಕೆಲಸವಿಲ್ಲವೆಂಬ ಅಸಮಾಧಾನದಿಂದ ಹೀಗೆನ್ನುತ್ತಾನೆಂದು ನಾವು ಎಣಿಸಿದೆವು. ಈ ಮಾತನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ.

ಮೊದಲನೆಯ ಸಲವೇ ತಾಯಿಯವರನ್ನೂ ತಂಗಿಯ ಆರು ವರ್ಷದ ಮಗಳನ್ನೂ ಕೂರಿಸಿಕೊಂಡು ಹೊರಟೆವು. ಯಂತ್ರದ ತೂಕ 50 ಕಿಲೋ, ನಡೆಸುವ ನಮ್ಮದು 70, ಮೇಲೆ ಎಣ್ಣೆಯ ಡಬ್ಬ, ಇಷ್ಟೂ ಹಿಂಬದಿಯಲ್ಲಿ. ನಡುಹೊಳೆಯಲ್ಲಿ ವೇಗದ ಹಿಡಿಯನ್ನು ತಿರುವಿದೊಡನೆ ದೋಣಿಯ ಮೂತಿ ಆಕಾಶಕ್ಕೆದ್ದಿತು, ಹಿಂಭಾಗ ಕುಸಿಯಿತು. ಮಗು ಚೀರಿತು. ಗಾಬರಿಯಿಂದ ಹಿಡಿಯನ್ನು ಥಟ್ಟನೆ ಮುಚ್ಚಿದೆವು. ಅದು ಇನ್ನೂ ದೊಡ್ಡ ತಪ್ಪು. ದೋಣಿ ನಿಂತಿತು; ನಮ್ಮ ಬೆನ್ನಟ್ಟಿ ಬರುತ್ತಿದ್ದ ನಮ್ಮದೇ ಅಲೆ ನಿಲ್ಲಲಿಲ್ಲ. ಅಡ್ಡಹಲಗೆಯನ್ನು ಹಾರಿ ಒಳಕ್ಕೆ ಸುರಿಯಿತು. ಮೊಣಕಾಲಿನವರೆಗೆ ನೀರು. ತಾಯಿಯವರು ಒಂದು ಕೈಯಿಂದ ಮಗುವನ್ನು ಅವುಚಿಕೊಂಡು, ಇನ್ನೊಂದು ಕೈಯಿಂದ ಔಷಧದ ಡಬ್ಬಿಯಲ್ಲಿ ನೀರು ಮೊಗೆಯತೊಡಗಿದರು. ಯಾರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ಆ ಅಂಬಿಗನೇ ಬೇರೊಂದು ದೋಣಿಯಲ್ಲಿ ಜಲ್ಲೆ ಊರುತ್ತ ಬಂದು ನಮ್ಮನ್ನು ಕುದ್ರುವಿಗೆ ಎಳೆದೊಯ್ದನು. ಮೊದಲಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಆ ಮೇಲೆಯೇ ನಾವು ಓದಲೂ ಲೆಕ್ಕಹಾಕಲೂ ಕುಳಿತುದು. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬವರು 1870ರ ದಶಕದಲ್ಲಿ ಉದ್ದನೆಯ ನೀರಿನ ತೊಟ್ಟಿಯಲ್ಲಿ ಮಾದರಿ ಹಡಗುಗಳನ್ನು ಎಳೆಸಿ ಈ ವಿಷಯವನ್ನು ಪರೀಕ್ಷಿಸಿದರು. ನೀರನ್ನು ಸೀಳಿ ಸಾಗುವ ದೋಣಿಯು ಅಲೆಯನ್ನೆಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದವು ದೋಣಿಯ ಉದ್ದಕ್ಕೆ ಸಮನಾದಾಗ ದೋಣಿಯು ತನ್ನದೇ ಅಲೆಯ ತಗ್ಗಿನಲ್ಲಿ ಸಿಕ್ಕಿಬೀಳುತ್ತದೆ. ನಮ್ಮ 12 ಅಡಿಯ ದೋಣಿಗೆ ಇದು ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗದಲ್ಲಿ ಒದಗುತ್ತದೆ. ಅದರಾಚೆಗೆ ಹೋಗಬೇಕಾದರೆ ಮುಂದಿನ ಅಲೆಯನ್ನು ಹತ್ತಿ ನೀರಿನ ಮೇಲೆ ಜಾರುವಂತಿರಬೇಕು. ಹಗುರವಾದ ದೋಣಿಯಲ್ಲಿ ಒಬ್ಬಿಬ್ಬರು ಕುಳಿತಾಗ ಅದು ಸಾಧ್ಯ. ಅಕ್ಕಿಮೂಟೆ, ತೆಂಗಿನಕಾಯಿ, ನಾಲ್ವರು ಮನುಷ್ಯರು ತುಂಬಿರುವಾಗ ಹೆಚ್ಚಿನ ಕುದುರೆಗಳು ಅಲೆಯನ್ನು ದೊಡ್ಡದು ಮಾಡುತ್ತವೆಯೇ ಹೊರತು ದಾರಿಯನ್ನು ಸವೆಸುವುದಿಲ್ಲ.

ನಮಗೆ ಹೆಚ್ಚು ಅಚ್ಚರಿಯೆನಿಸಿದ ಸಂಗತಿ ಇನ್ನೊಂದು. ಮನುಷ್ಯನು ದಣಿಯದೆ ಬಹಳ ಹೊತ್ತು ದುಡಿದರೆ ಅವನ ಶಕ್ತಿ ಒಂದು ಅಶ್ವಶಕ್ತಿಯ ಹತ್ತರಲ್ಲೊಂದು ಪಾಲು ಮಾತ್ರ. ಹಾಗಾದರೆ ಇಷ್ಟು ವರ್ಷ ನಮ್ಮ ದೋಣಿಯನ್ನು ನಡೆಸಿದುದು ಒಂದು ಕುದುರೆಯ ಐದನೆಯ ಒಂದು ಪಾಲು! ಸಣ್ಣ ಯಂತ್ರದ ಪಂಖವು ತನ್ನ ಶಕ್ತಿಯ ಅರ್ಧದಷ್ಟನ್ನು ನೀರು ಕಡೆಯುವುದರಲ್ಲಿಯೇ ಕಳೆಯುವುದುಂಟು. ಅದನ್ನು ಬಿಟ್ಟು ಲೆಕ್ಕಹಾಕಿದರೂ, ಹೊರೆ ಸಹಿತ 400 ಕಿಲೋ ತೂಗುವ ದೋಣಿಗೆ ಶಾಂತವಾದ ನೀರಿನಲ್ಲಿ ಎರಡು ಅಶ್ವಶಕ್ತಿ ಸಾಕು.

ಹಾಗೆಂದು ಎರಡನ್ನೇ ಕೊಳ್ಳಬಾರದು. ನೆರೆಮನೆಯವರು ಹಗುರವೆಂದು ಎರಡುವರೆ ಅಶ್ವಶಕ್ತಿಯದನ್ನು ತಂದಿದ್ದರು. ಒಂದು ಸಂಜೆ ಇಳಿತದ ಸೆಳೆತದಲ್ಲಿ, ಯಂತ್ರವು ಪೂರ್ಣವೇಗದಲ್ಲಿ ಅರಚುತ್ತಿದ್ದರೂ, ಅವರು ಹಿಂದುಹಿಂದಕ್ಕೆ ಅಳಿವೆಯ ಕಡೆಗೆ ಸರಿದುದನ್ನು ನಾವು ದಡದಲ್ಲಿ ನಿಂತು ಕಂಡಿದ್ದೇವೆ. ಮೀನುಗಾರರ ನಾಡದೋಣಿಯೊಂದು ಹಗ್ಗ ಎಸೆದುದರಿಂದ ಉಳಿದರು. ಸೆಳೆತಕ್ಕೂ ಗಾಳಿಗೂ ಎದುರಾಗಿ ಹೋಗಲು ಶಾಂತ ನೀರಿನ ಲೆಕ್ಕದ ಇಮ್ಮಡಿ ಶಕ್ತಿ ಕೈಯಲ್ಲಿರಬೇಕು.

ಗರಿಷ್ಠ ಮಿತಿಯೆಷ್ಟೆಂಬುದಕ್ಕೆ ಅಮೇರಿಕದ ಸರ್ಕಾರದ ನಿಯಮವೊಂದು ನಮಗೆ ಒದಗಿತು. ದೋಣಿಯ ಉದ್ದವನ್ನೂ ಅಡ್ಡಹಲಗೆಯ ಅಗಲವನ್ನೂ ಅಡಿಗಳಲ್ಲಿ ಗುಣಿಸಬೇಕು. ನಮ್ಮದಕ್ಕೆ 42 ಬಂದಿತು. 40ರಿಂದ 42ಕ್ಕೆ ಏಳುವರೆ ಅಶ್ವಶಕ್ತಿ ಮಿತಿ. ತಳ ಚಪ್ಪಟೆಯಾಗಿ ಅಂಚು ಮೊನಚಾಗಿದ್ದರೆ ಒಂದು ಮೆಟ್ಟಿಲು ಇಳಿಯಬೇಕು, ಅಂದರೆ 5. ನಾವು ಕಟ್ಟಿದ್ದು ಅದರ ಮೂರರಷ್ಟು! ಹಡಗುಕಟ್ಟೆಯ ಕಾರ್ಖಾನೆಯಿಂದ ಬಂದ ದೋಣಿಗಾದರೆ ಈ ಮಿತಿಯನ್ನು ಸಾಮಾನ್ಯವಾಗಿ ಫಲಕದಲ್ಲಿ ಕೆತ್ತಿರುತ್ತಾರೆ. ಊರ ಬಡಗಿ ಕಟ್ಟಿದ ದೋಣಿಗೆ ಫಲಕವೆಲ್ಲಿಯದು?

ಹಳೆಯ ಯಂತ್ರವನ್ನು ನಷ್ಟಕ್ಕೆ ಮಾರಿ, 27 ಕಿಲೋ ತೂಗುವ 5 ಅಶ್ವಶಕ್ತಿಯದನ್ನು ತಂದೆವು. ಅಡ್ಡಹಲಗೆಯ ಎತ್ತರವನ್ನು ಅಳೆದುಕೊಂಡೇ ಹೋಗಿದ್ದೆವು. ಯಂತ್ರದ ಕಾಲು 15 ಅಂಗುಲದ್ದೂ 20 ಅಂಗುಲದ್ದೂ ಸಿಗುತ್ತದೆ. ಉದ್ದ ಹೆಚ್ಚಾದರೆ ಇಳಿತದಲ್ಲಿ ಕೆಸರಿಗೆ ಹೂಳುತ್ತದೆ, ಕಡಿಮೆಯಾದರೆ ಪಂಖವು ಗಾಳಿಯನ್ನು ನುಂಗುತ್ತದೆ. ಅಮೇರಿಕದಲ್ಲಿ 1909ರಲ್ಲಿ ಇಂತಹ ಯಂತ್ರಗಳನ್ನು ಮಾರಾಟಕ್ಕೆ ತಂದ ಓಲೆ ಎವಿನ್‌ರೂಡ್ ಅವರ ಮೊದಲಿನದು ಬರಿಯ ಒಂದೂವರೆ ಅಶ್ವಶಕ್ತಿಯದು. ಪ್ರೇಯಸಿಗಾಗಿ ಐಸ್‌ಕ್ರೀಮ್ ತರಲು ಸರೋವರದಲ್ಲಿ ಹುಟ್ಟು ಹಾಕುತ್ತಿದ್ದಾಗ ಅದು ಕರಗಿಹೋದುದೇ ಈ ಯೋಚನೆಗೆ ಮೂಲವೆಂದು ಕಥೆಯಿದೆ. ನಮ್ಮ ಮನೆಯವರು ಇದನ್ನು ಕೇಳಿ, ಅಷ್ಟು ಅವಸರದವನೇ ಒಂದೂವರೆಯಲ್ಲಿ ತೃಪ್ತನಾದನಲ್ಲ ಎಂದರು. ನಾವು ಉತ್ತರ ಹೇಳಲಿಲ್ಲ.

ಈಗ ಆಸ್ಪತ್ರೆಯ ದಾರಿ ಇಪ್ಪತ್ತು ನಿಮಿಷ. ಅಂಬಿಗನು ಮುಂಭಾಗದಲ್ಲಿ ಕುಳಿತು ಸೆಳೆತವನ್ನು ನೋಡಿ ಕೈಸನ್ನೆ ಮಾಡುತ್ತಾನೆ. ಹುಟ್ಟುಗಳೆರಡೂ ದೋಣಿಯಲ್ಲಿಯೇ ಇರುತ್ತವೆ. ತಾಯಿಯವರು ಲೈಫ್ ಜಾಕೆಟ್ ತೊಟ್ಟು ಹತ್ತಿದ ಮೇಲೆ, ನಾವು ಯಂತ್ರದ ಹಗ್ಗ ಎಳೆಯುವುದಕ್ಕೆ ಮುನ್ನ, ಅಡ್ಡಹಲಗೆಯ ಹೊರಬದಿಗೆ ಕೈ ಇಳಿಬಿಟ್ಟು ನೀರಿನಿಂದ ಅಂಚಿಗೆ ಎಷ್ಟಿದೆಯೆಂದು ಗೇಣು ಹಾಕುತ್ತಾರೆ. ಒಂದು ಗೇಣಿಗೆ ಬೆರಳಷ್ಟು ಕಡಿಮೆಯಾದರೂ ಒಂದು ಮೂಟೆ ಕೆಳಗಿಳಿಯಲೇಬೇಕು.