ಅಂಗಳಕ್ಕೆ ಬಂದ ಮನೆ

ಮದುವೆಯಾಗಿ ಮೂರ್ನಾಡಿಗೆ ಬಂದ ವರ್ಷ, ಡಿಸೆಂಬರಿನ ಒಂದು ಬೆಳಿಗ್ಗೆ. ಗಂಟೆ ಎಂಟಾದರೂ ಒಲೆಯ ಮುಂದಿನಿಂದ ಏಳಲು ಮನಸ್ಸಾಗದೆ ಕೂತಿದ್ದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಚಳಿಯೆಂದರೆ ಬಾಗಿಲು ಹಾಕಿಕೊಳ್ಳುವ ಕಾಲ. ಹಿತ್ತಲಿಂದ ಬಂದ ಅತ್ತೆ ಹೊಸ್ತಿಲಲ್ಲೇ ನಿಂತು, "ಒಳಗೇನು ಮಾಡ್ತಿದ್ದೀಯ ಮಗಳೇ, ಚಳಿ ಇರೋದೇ ಒಳಗೆ. ಹೊರಗೆ ಬಾ" ಅಂದರು. ಬೆಲ್ಲದ ಕಾಫಿಯ ಲೋಟ ಹಿಡಿದುಕೊಂಡೇ ಅವರ ಹಿಂದೆ ಹೋದೆ. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಆದರೆ ಕಾಫಿ ಕಣದ ಸಿಮೆಂಟು ಆಗಲೇ ಅಂಗಾಲಿಗೆ ಬೆಚ್ಚಗಿತ್ತು.

ಅತ್ತೆ ಹೇಳಿದ್ದು ನಿಜವೇ. ಮಣ್ಣಿನ ದಪ್ಪ ಗೋಡೆಗಳು ರಾತ್ರಿಯ ತಣ್ಪನ್ನು ಹಿಡಿದಿಟ್ಟುಕೊಂಡು ಮಧ್ಯಾಹ್ನದವರೆಗೂ ಬಿಡುವುದಿಲ್ಲ. ಹೊರಗೆ ಮಾತ್ರ ಒಂಬತ್ತಕ್ಕೆಲ್ಲ ಮಂಜು ಎದ್ದು ಹೋಗಿ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಕೊಡಗಿನ ಚಳಿಗಾಲ ಮನೆಯನ್ನು ಮುಚ್ಚಿಸುವುದಿಲ್ಲ, ತೆರೆಸುತ್ತದೆ. ಇದು ಅರ್ಥವಾಗಬೇಕಾದರೆ ಇಲ್ಲಿ ಒಂದು ಮಳೆಗಾಲ ಕಳೆದಿರಬೇಕು.

ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 2,500 ಮಿಲಿಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಆ ನಾಲ್ಕು ತಿಂಗಳು ಮನೆಯೆಂದರೆ ಬರೀ ಒಳಗು. ಬಟ್ಟೆ ಒಲೆಯ ಮೇಲಿನ ಬಿದಿರಿಗೆ ನೇತುಬಿದ್ದು ಹೊಗೆ ವಾಸನೆ ಹಿಡಿಯುತ್ತದೆ. ಉಪ್ಪು ನೀರೊಡೆಯುತ್ತದೆ. ಬೆಂಕಿಪೊಟ್ಟಣ ಡಬ್ಬಿ ಸೇರುತ್ತದೆ, ಚಪ್ಪಲಿಯ ಮೇಲೆ ಬಿಳಿ ಬೂಷ್ಟು ಏಳುತ್ತದೆ. ಹೂಕುಂಡಗಳನ್ನೆಲ್ಲ ಜಗಲಿಗೆ ಎತ್ತಿಟ್ಟು, ಹೊರಗೆ ಉಳಿದ ಡೇರೆ ಗಿಡಗಳಿಗೆ ಕೋಲು ಕಟ್ಟಿ, ಬೇರು ಕೊಳೆಯದಿರಲೆಂದು ಹಾರೈಸುತ್ತಾ ಕೂರುವುದಷ್ಟೇ ಆಗಿನ ತೋಟಗಾರಿಕೆ. ಗಿಡ ಬೆಳೆಸುವವರು ಮಳೆಗಾಲದಲ್ಲಿ ಕಾಯುತ್ತಾರೆ, ಚಳಿಗಾಲದಲ್ಲಿ ಕೆಲಸ ಮಾಡುತ್ತಾರೆ.

ತಣ್ಣನೆಯ ದೇಶಗಳಲ್ಲಿ ಇದು ತಿರುಗುಮುರುಗು. ಚೆಕ್ ಲೇಖಕ ಕಾರೆಲ್ ಚಾಪೆಕ್ 1929ರಲ್ಲಿ ತೋಟಗಾರನ ವರ್ಷದ ಬಗ್ಗೆ ಒಂದು ಪುಸ್ತಕ ಬರೆದ, ತಿಂಗಳಿಗೊಂದು ಅಧ್ಯಾಯ. ಅವನ ಜನವರಿಯಲ್ಲಿ ನೆಲ ಕಲ್ಲಿನಂತೆ ಹೆಪ್ಪುಗಟ್ಟಿರುತ್ತದೆ, ತೋಟಗಾರನ ಕೈಗೆ ಮಣ್ಣು ಸಿಗುವುದಿಲ್ಲ. ಅದನ್ನು ಓದುವಾಗ ನನ್ನ ಉಗುರಿನಲ್ಲಿ ನವಿಲುಕೋಸಿನ ಮಡಿಯ ಮಣ್ಣಿತ್ತು. ಅವನ ಮೇಲೆ ನಿಜವಾಗಿಯೂ ಮರುಕ ಹುಟ್ಟಿತು.

ಮೂರ್ನಾಡು ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿದೆ. ಇಲ್ಲಿಂದ ಸ್ವಲ್ಪ ಮುಂದೆ ಬೇತ್ರಿಯಲ್ಲಿ ಕಾವೇರಿ ದಾಟಬೇಕು. ಸಮಭಾಜಕದಿಂದ 12 ಡಿಗ್ರಿ ಉತ್ತರಕ್ಕಿರುವ ಊರು. ಏಪ್ರಿಲ್ ಕೊನೆಯ ವಾರಕ್ಕೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ, ದಕ್ಷಿಣದ ಜಗಲಿಗೆ ಒಂದು ಗೆರೆ ಬಿಸಿಲೂ ಇಳಿಯುವುದಿಲ್ಲ. ಡಿಸೆಂಬರ್ 21ರ ಹೊತ್ತಿಗೆ ಅದೇ ಸೂರ್ಯ ನಡುಹಗಲಿನಲ್ಲೂ ನೆತ್ತಿಯಿಂದ 35 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಬಿಸಿಲು ಸೂರಿನಡಿಯಿಂದ ನುಗ್ಗಿ ಜಗಲಿಯ ಗೋಡೆ ಮುಟ್ಟುತ್ತದೆ. ನಮ್ಮ ಮನೆ ಕಟ್ಟಿದ ಹಿರಿಯರು ಲೆಕ್ಕ ಹಾಕಿ ಕಟ್ಟಿದರೋ, ರೂಢಿಯಂತೆ ಕಟ್ಟಿದರೋ, ದಕ್ಷಿಣದ ಆ ಜಗಲಿಯನ್ನು ಉದ್ದಕ್ಕೂ ತೆರೆದಿಟ್ಟಿದ್ದಾರೆ. ಚಳಿಗಾಲದಲ್ಲಿ ಮನೆಯ ಕುರ್ಚಿ, ಪತ್ರಿಕೆ, ಅಕ್ಕಿ ಆರಿಸುವ ಮೊರ, ಮಕ್ಕಳ ಪುಸ್ತಕ ಎಲ್ಲವೂ ಅಲ್ಲಿಗೆ ಬರುತ್ತವೆ. ಬಿಸಿಲು ಸರಿದಂತೆ ಅವೂ ಸರಿಯುತ್ತವೆ.

ಅಂಗಳದ ಬದುಕಿಗೆಲ್ಲ ನಡುಗಂಬ ಕಾಫಿ ಕಣ. ಅರೇಬಿಕಾ ಹಣ್ಣು ಸುಗ್ಗಿಹಬ್ಬ ಹುತ್ತರಿಯ ಆಸುಪಾಸಿನಲ್ಲಿ ಕೊಯ್ಲಿಗೆ ಬಂದರೆ ರೊಬಸ್ಟಾ ಜನವರಿ ದಾಟಿ. ಹಣ್ಣನ್ನು ತೆಳ್ಳಗೆ ಹರವಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆಗೆ ರಾಶಿ ಮಾಡಿ ಟಾರ್ಪಾಲು ಹೊದಿಸಬೇಕು. ಬಿಸಿಲು ಗಟ್ಟಿಯಾಗಿದ್ದರೆ ಚೆರಿ ಒಣಗಲು 12ರಿಂದ 15 ದಿನ. ಮುಷ್ಟಿಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿದಾಗ ಗಲಗಲ ಎಂದರೆ ಒಣಗಿದೆ ಎಂದರ್ಥ. ಅತ್ತೆಯ ಕಿವಿ ಕೊನೆಯ ವರ್ಷಗಳಲ್ಲಿ ಮಂದವಾಗಿತ್ತು. ಆದರೂ ಈ ಸದ್ದು ಮಾತ್ರ ಅವರಿಗೆ ಕೇಳುತ್ತಿತ್ತು. ಬಹುಶಃ ಬೆರಳಿಗೇ ಗೊತ್ತಾಗುತ್ತಿತ್ತೇನೋ.

ಕಣವಿದ್ದಲ್ಲಿ ಯಾರಾದರೊಬ್ಬರು ಇಡೀ ದಿನ ಹೊರಗೆ ಇರಲೇಬೇಕು. ಒಮ್ಮೆ ಕೈಯಾಡಿಸಿದ ಮೇಲೆ ಮತ್ತೊಂದು ಗಂಟೆ ಖಾಲಿ. ಆ ಖಾಲಿ ಗಂಟೆಗಳಲ್ಲೇ ನಮ್ಮ ಹೂದೋಟ ಹುಟ್ಟಿತು. ಕಣದ ಅಂಚಿಗೆ ಒಂದು ಸಾಲು ಸೇವಂತಿಗೆ, ಅದರಾಚೆ ಗುಲಾಬಿ, ಬಾವಿಯ ಬದಿಗೆ ತರಕಾರಿ ಮಡಿ. ಕೊಡಗಿನ ಎಷ್ಟೋ ಮನೆಗಳ ಮುಂದೆ ನೀವು ಕಾಣುವ ಹೂಗಳನ್ನು ಯಾವ ಮಾಲಿಯೂ ಬೆಳೆಸಿದ್ದಲ್ಲ. ಕಾಫಿ ಕಾಯುತ್ತಾ ನಿಂತ ಹೆಂಗಸರು ಬೆಳೆಸಿದ್ದು. ಮಡಿಕೇರಿಯ ರಾಜಾಸೀಟಿನಲ್ಲಿ ಚಳಿಗಾಲದ ಫಲಪುಷ್ಪ ಪ್ರದರ್ಶನ ಏರ್ಪಟ್ಟಾಗ ಹೋಗಿ ನೋಡಿ ಬರುತ್ತೇನೆ, ಚೆನ್ನಾಗಿಯೇ ಇರುತ್ತದೆ. ಆದರೆ ನನ್ನ ಮಟ್ಟಿಗೆ ಜಿಲ್ಲೆಯ ದೊಡ್ಡ ಪ್ರದರ್ಶನ ಬಸ್ಸಿನ ಕಿಟಕಿಯಿಂದ ಕಾಣುವ ಈ ಅಂಗಳಗಳದ್ದೇ.

ಗುಲಾಬಿಯನ್ನು ಅಕ್ಟೋಬರಿನಲ್ಲಿ, ಮಳೆಯ ಜೋರು ತಗ್ಗಿದೊಡನೆ ಸವರಬೇಕು. ಸವರಿದ 45 ದಿನಕ್ಕೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಬಿರಿಯುತ್ತದೆ. ಹಗಲು ಬೆಚ್ಚಗೆ, ರಾತ್ರಿ ತಣ್ಣಗೆ ಇರುವ ಈ ಹವೆಯಲ್ಲಿ ಹೂ ನಿಧಾನಕ್ಕೆ ಅರಳಿ ಗಿಡದಲ್ಲೇ ವಾರಗಟ್ಟಲೆ ನಿಲ್ಲುತ್ತದೆ. ಏಪ್ರಿಲಿನ ಗುಲಾಬಿ ಎರಡೇ ದಿನಕ್ಕೆ ಉದುರುವುದನ್ನು ನೋಡಿದವರಿಗೆ ಡಿಸೆಂಬರಿನ ಬೆಲೆ ತಿಳಿಯುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಪಾಯಿನ್ಸೆಟಿಯಾ. ಗೇಟಿನ ಬಳಿ ಎರಡು ಗಿಡಗಳಿವೆ, ಒಂದೇ ತಾಯಿಗಿಡದ ಕಡ್ಡಿಗಳು. ಒಂದು ಡಿಸೆಂಬರಿಗೆ ಬೆಂಕಿಯಂತೆ ಕೆಂಪಾಗುತ್ತಿತ್ತು, ಇನ್ನೊಂದು ಹಸಿರಾಗಿಯೇ ಉಳಿಯುತ್ತಿತ್ತು. ಗೊಬ್ಬರ ಹಾಕಿದೆ, ಮಣ್ಣು ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕಾರಣ ತಿಳಿದದ್ದು ಅದರ ಸ್ವಭಾವ ಓದಿದ ಮೇಲೆ. ಅದು ಮೆಕ್ಸಿಕೊ ಮೂಲದ ಗಿಡ. ಅಲ್ಲಿದ್ದ ಅಮೆರಿಕದ ರಾಯಭಾರಿ ಜೋಯೆಲ್ ಪಾಯಿನ್ಸೆಟ್ 1820ರ ದಶಕದಲ್ಲಿ ತನ್ನ ದೇಶಕ್ಕೆ ಕಳಿಸಿದ್ದರಿಂದ ಆ ಹೆಸರು. ನಾವು ಹೂ ಎನ್ನುವ ಕೆಂಪು ಹೂವಲ್ಲ, ಎಲೆ. ನಿಜವಾದ ಹೂ ನಡುವಿನ ಸಣ್ಣ ಹಳದಿ ಗುಂಡಿಗಳು. ಎಲೆ ಕೆಂಪಾಗಬೇಕಾದರೆ ಹಲವು ವಾರಗಳ ಕಾಲ ದಿನವೂ ಹನ್ನೆರಡು ಗಂಟೆಗೆ ಮೀರಿದ, ನಡುವೆ ಮುರಿಯದ ಕತ್ತಲೆ ಬೇಕು. ಸೆಪ್ಟೆಂಬರ್ ಕೊನೆಗೆ ನಮ್ಮಲ್ಲಿ ಇರುಳು ಹಗಲನ್ನು ಮೀರುತ್ತದೆ, ಅಲ್ಲಿಂದ ಗಿಡ ಎಣಿಸತೊಡಗುತ್ತದೆ. ಹಸಿರಾಗೇ ಉಳಿದ ಗಿಡದ ಮೇಲೆ ನಮ್ಮ ಗೇಟಿನ ದೀಪ ರಾತ್ರಿಯಿಡೀ ಬೀಳುತ್ತಿತ್ತು! ಪಾಪ, ಅದಕ್ಕೆ ಚಳಿಗಾಲ ಬಂದದ್ದೇ ಗೊತ್ತಾಗಿರಲಿಲ್ಲ. ಮರುವರ್ಷ ಅಕ್ಟೋಬರ್ ಒಂದರಿಂದ ದೀಪ ಆರಿಸಿದೆವು. ಕ್ರಿಸ್‌ಮಸ್ಸಿಗೆ ಮುಂಚೆಯೇ ಎರಡೂ ಕೆಂಪಾದವು. ಸೇವಂತಿಗೆಯದೂ ಇದೇ ಗುಣ, ಅದೂ ಉದ್ದನೆಯ ಇರುಳು ಕೇಳುವ ಗಿಡ. ಆಮೇಲೆ ನಮ್ಮ ಅಂಗಳದಲ್ಲಿ ದೀಪ ಹಚ್ಚುವುದು ಬೇಕಾದಾಗ ಮಾತ್ರ.

ತರಕಾರಿಯ ವಿಷಯ ಹೆಚ್ಚು ಹೇಳುವುದಿಲ್ಲ. ಅಕ್ಟೋಬರ್ 17ರ ಸುಮಾರಿಗೆ ಕಾವೇರಿ ಸಂಕ್ರಮಣ ಮುಗಿಸಿ ಮಡಿ ಕಟ್ಟಿದರೆ ಡಿಸೆಂಬರ್ ಕೊನೆಗೆ ನವಿಲುಕೋಸು, ಮೂಲಂಗಿ, ಬೀನ್ಸ್, ಸಂಕ್ರಾಂತಿ ದಾಟಿ ಎಲೆಕೋಸು. ಕೋಸಿನ ಹುಳಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಉಪಾಯ ಬಲು ಸೊಗಸು: 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಚಿಟ್ಟೆ ಸಾಸಿವೆಗೆ ಮರುಳಾಗಿ ಮೊಟ್ಟೆಯನ್ನು ಅಲ್ಲಿಯೇ ಇಡುತ್ತದೆ. ನನ್ನ ನಾಲ್ಕು ಸಾಲಿಗೆ ಬದಿಯಲ್ಲಿ ಒಂದು ಹಿಡಿ ಸಾಸಿವೆ ಸಾಕು. ನೀರಿಗೆ ಬಾವಿಯೇ ಗತಿ. ಅಷ್ಟೊಂದು ಮಳೆ ಸುರಿದ ನೆಲ ಜನವರಿಗೆ ಬಿರುಕು ಬಿಡುತ್ತದೆಂದರೆ ಹೊರಗಿನವರು ನಂಬುವುದಿಲ್ಲ. ಹಾಗಾಗಿ ಬುಡಕ್ಕೆಲ್ಲ ತೋಟದಿಂದ ಗುಡಿಸಿ ತಂದ ಒಣಗೆಲೆಯ ಹೊದಿಕೆ. ಮಡಿಗೆ ನೀರು ಬಿಟ್ಟ ಕೂಡಲೆ ಎಲ್ಲಿಂದಲೋ ಒಂದು ಸಿಪಿಲೆ ಬಾಲ ಕುಣಿಸುತ್ತಾ ಇಳಿಯುತ್ತದೆ. ಹಿಮಾಲಯದ ಕಡೆಯಿಂದ ಚಳಿ ತಪ್ಪಿಸಿಕೊಂಡು ಬಂದ ಹಕ್ಕಿ ಅದು. ನಮ್ಮ ಚಳಿ ಅದಕ್ಕೆ ಬೇಸಿಗೆ.

ಹುತ್ತರಿ ಬಂದರೆ ಗೆಣಸು ಅಗೆಯುವ ಸಂಭ್ರಮ. ಬೇಸಿಗೆ ಮಳೆಗೆ ಹುಗಿದ ಗೆಡ್ಡೆ ಮಳೆಗಾಲವೆಲ್ಲ ಮರಕ್ಕೆ ಬಳ್ಳಿ ಹಬ್ಬಿಸಿಕೊಂಡು, ಚಳಿ ಬಿದ್ದಾಗ ಬಳ್ಳಿ ಒಣಗಿಸಿಕೊಂಡು, ತಾನು ನೆಲದೊಳಗೆ ದಪ್ಪಗಾಗಿರುತ್ತದೆ. ರೋಹಿಣಿ ನಕ್ಷತ್ರದ ಆ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ದು ಕೋವಿ ಹಾರಿಸಿ ಮನೆಗೆ ಬಂದವರಿಗೆ ತಂಬಿಟ್ಟಿನ ಜೊತೆಗೆ ಬೇಯಿಸಿದ ಹುತ್ತರಿ ಗೆಣಸು, ಬೆಲ್ಲ. ಮಡಿಕೇರಿಯಲ್ಲಿ ಮೇಷ್ಟರಾಗಿದ್ದ ಪಂಜೆ ಮಂಗೇಶರಾಯರು ಈ ಹಬ್ಬವನ್ನು ಹಾಡಾಗಿಸಿ ಕನ್ನಡದ ಮಕ್ಕಳಿಗೆಲ್ಲ ಕೊಟ್ಟರು. ಆ ಹಾಡಿನಿಂದ ಹುತ್ತರಿ ಬಲ್ಲವರು ಒಮ್ಮೆ ಗೆಣಸನ್ನೂ ತಿನ್ನಬೇಕು.

ಸಂಜೆ ಐದೂವರೆಗೆ ಬಿಸಿಲು ಮರಗಳ ಹಿಂದೆ ಇಳಿದೊಡನೆ ಮನೆ ಮತ್ತೆ ಒಳಗೆ ಹೋಗುತ್ತದೆ. ಬಚ್ಚಲ ಹಂಡೆಗೆ ಬೆಂಕಿ. ಹಿಂದಿನ ಬೇಸಿಗೆಯ ಮರ ಕಪಾತಿನಲ್ಲಿ ಬಿದ್ದ ಕೊಂಬೆಗಳೇ ಸೌದೆ. ಜೊತೆಗೆ ಒಣಗಿದ ಕಿತ್ತಳೆ ಸಿಪ್ಪೆ ಒಂದು ಹಿಡಿ. ಅದು ಚಿಟಪಟನೆ ಹೊತ್ತಿಕೊಂಡಾಗ ಬರುವ ವಾಸನೆ ನನಗೆ ಈ ಮನೆಯ ವಾಸನೆ.

ಈಗ ಈ ಚಳಿಗಾಲವನ್ನು ಪೂರ್ತಿ ನಂಬುವಂತಿಲ್ಲ. 2021ರ ಜನವರಿ ಮೊದಲ ವಾರದಲ್ಲಿ ಜಡಿಮಳೆ ಬಂತು. ಕಣದಲ್ಲಿದ್ದ ಕಾಫಿ ನೆನೆಯಿತು, ಗಿಡದಲ್ಲಿದ್ದ ಹಣ್ಣು ಉದುರಿತು, ಹೂಮಳೆಗೆ ಇನ್ನೂ ಕಾಯಬೇಕಿದ್ದ ಮೊಗ್ಗು ಅಕಾಲದಲ್ಲಿ ಅರಳಿತು. ಟಾರ್ಪಾಲಿನಡಿ ಬಿಸಿಯೆದ್ದ ಚೆರಿಯ ಹುಳಿ ವಾಸನೆ ನಾಲ್ಕು ದಿನ ಅಂಗಳ ಬಿಟ್ಟು ಹೋಗಲಿಲ್ಲ. ಬಿಸಿಲನ್ನೇ ನಂಬಿ ಹೊರಗೆ ಬಂದ ಮನೆಗೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಕಿತ್ತಳೆ. ನಾನು ಬಂದಾಗ ಹಿತ್ತಲಲ್ಲಿ ಮಾವನವರು ನೆಟ್ಟ ಎಂಟು ಮರಗಳಿದ್ದವು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಹಣ್ಣೋ ಹಣ್ಣು. ಸಿಪ್ಪೆ ಸಡಿಲ, ತೊಳೆಯಲ್ಲಿ ಸಿಹಿಯೊಂದಿಗೆ ಒಂದು ಎಳೆ ಹುಳಿ. ಕಾಫಿ ತೋಟಗಳ ನಡುವೆ ಕಿತ್ತಳೆ ಬೆಳೆದು ಕೊಡಗು ದೇಶಕ್ಕೆಲ್ಲ ಹೆಸರಾಗಿತ್ತು. ಆಮೇಲೆ ಎಲೆ ಹಳದಿ ಮಚ್ಚೆಗಟ್ಟತೊಡಗಿದವು. ಹಣ್ಣು ಒಂದು ಬದಿ ಸೊಟ್ಟಗಾಗಿ, ಸಣ್ಣದಾಗಿ, ಕಹಿಯಾಯಿತು. ಗ್ರೀನಿಂಗ್ ರೋಗ. ಸಿಲ್ಲಾ ಎಂಬ ಸಣ್ಣ ಹೀರುಕೀಟ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ, ಒಮ್ಮೆ ತಗುಲಿದ ಮರಕ್ಕೆ ಮದ್ದಿಲ್ಲ. ವರ್ಷಕ್ಕೊಂದರಂತೆ ಎಂಟೂ ಹೋದವು. ಕೊನೆಯದನ್ನು ಕಡಿಸಿದ ದಿನ ಅತ್ತೆ ಹಿತ್ತಲಿಗೆ ಬರಲಿಲ್ಲ. ಜಿಲ್ಲೆಯ ತೋಟ ತೋಟಗಳಲ್ಲಿ ನಡೆದ ಕಥೆಯೇ ಇದು. ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ ನಿಜ, ಆದರೆ ಮಡಿಕೇರಿ ಸಂತೆಯಲ್ಲಿ ಕೊಡಗಿನದೆಂದು ಕೊಳ್ಳುವ ಹಣ್ಣು ಕೊಡಗಿನದೇ ಎಂದು ನಾನೀಗ ಕಣ್ಣುಮುಚ್ಚಿ ನಂಬುವುದಿಲ್ಲ.

ಆರು ವರ್ಷದ ಹಿಂದೆ ಎರಡು ಕಸಿ ಸಸಿ ತಂದು ನೆಟ್ಟೆ. ಚಿಗುರು ಬಂದಾಗಲೆಲ್ಲ ಎಲೆಯ ಹಿಂಬದಿ ತಿರುವಿ ನೋಡುತ್ತೇನೆ. ಈ ಡಿಸೆಂಬರಿನಲ್ಲಿ ಒಂದರಲ್ಲಿ ಹನ್ನೊಂದು ಹಣ್ಣು ಬಿಟ್ಟಿವೆ. ಬಿಸಿಲಲ್ಲಿ ಕೂತು ಸುಲಿದು ಮನೆಯವರೆಲ್ಲ ಹಂಚಿಕೊಂಡೆವು. ಅತ್ತೆ ಇರಬೇಕಿತ್ತು.

ಕೊಡಗಿನಲ್ಲಿ ಅಂಗೈಯಗಲ ಹಿತ್ತಲಿರುವ ಎಲ್ಲರಲ್ಲೂ ನನ್ನದೊಂದು ಬೇಡಿಕೆ. ಮಳೆ ಹಿಡಿಯುವ ಹೊತ್ತಿಗೆ ಎರಡು ಕಿತ್ತಳೆ ನೆಡಿ. ದಾರಿಬದಿಯಲ್ಲಿ ಮಾರುವ ಸಸಿ ಬೇಡ. ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ವಿಚಾರಿಸಿ, ರೋಗವಿಲ್ಲವೆಂದು ಖಾತ್ರಿಯಾದ ಗಿಡವನ್ನೇ ತನ್ನಿ. ನೀರು ನಿಲ್ಲದ ಜಾಗ ಆರಿಸಿ. ಕರಿಬೇವಿನ ಗಿಡದಿಂದ ದೂರವಿಡಿ, ಸಿಲ್ಲಾ ಕೀಟಕ್ಕೆ ಅದೂ ಮನೆಯೇ.